ಮನೆಯ ವಿಡಿಯೊ ಪ್ಲೇಯರ್‌ಗಳಲ್ಲಿ ಕನ್ನಡ ಉಪಶೀರ್ಷಿಕೆ: ಲಿಪಿ, ಸಂಕೇತ ಮತ್ತು ಪರದೆ

ಬೆಂಗಳೂರಿನ ಪಶ್ಚಿಮ ಭಾಗದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಮತ್ತು ಕೆಂಗೇರಿ ಬಡಾವಣೆಗಳನ್ನು ನಗರದ ಕನ್ನಡ ಪ್ರೇಕ್ಷಕವರ್ಗದ ನೆಲೆಗಳೆಂದು ಗುರುತಿಸುವುದು ವಾಡಿಕೆ. ತುಮಕೂರು, ಮಾಗಡಿ, ಮೈಸೂರು ರಸ್ತೆಗಳ ಮೂಲಕ ಒಳನಾಡಿನಿಂದ ಬಂದ ಕುಟುಂಬಗಳು ಈ ಭಾಗದಲ್ಲಿ ನೆಲೆನಿಂತವು. ರಾಜಾಜಿನಗರದ ನವರಂಗ್, ಮಾಗಡಿ ರಸ್ತೆಯ ವೀರೇಶ್ ಮುಂತಾದ ಚಿತ್ರಮಂದಿರಗಳು ಈ ಪ್ರೇಕ್ಷಕರನ್ನು ಆಧರಿಸಿ ಬೆಳೆದವು. 2000ದ ದಶಕದಲ್ಲಿ ಈ ವರ್ಗದ ಚಿತ್ರವೀಕ್ಷಣೆಯ ಒಂದು ಪಾಲು ಮನೆಯೊಳಕ್ಕೆ ಸರಿಯಿತು. 2007ರಲ್ಲಿ ಮೋಸರ್ ಬೇರ್ ಸಂಸ್ಥೆಯು ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರುಕಟ್ಟೆಗೆ ತಂದ ಮೇಲೆ, ಚಿತ್ರವೊಂದರ ತಟ್ಟೆ ಕೊಳ್ಳುವುದು ಮಧ್ಯಮವರ್ಗಕ್ಕೆ ಹೊರೆಯೆನಿಸಲಿಲ್ಲ. ಹೀಗೆ ಮನೆಗೆ ಬಂದ ಪ್ಲೇಯರ್‌ಗಳು ಕನ್ನಡ ಧ್ವನಿಯನ್ನು ಯಾವ ತೊಡಕೂ ಇಲ್ಲದೆ ಕೇಳಿಸಿದವು. ಕನ್ನಡ ಅಕ್ಷರವನ್ನು ಮಾತ್ರ ತೋರಿಸಲಾರದೆ ಹೋದವು. ಈ ಕೊರತೆಯ ತಾಂತ್ರಿಕ ಕಾರಣಗಳ ವಿವರಣೆಯೇ ಪ್ರಸ್ತುತ ಲೇಖನದ ಉದ್ದೇಶ.

ಕೊರತೆಯ ಪರಿಣಾಮವನ್ನು ಮೊದಲು ಗಮನಿಸುವುದು ಉಚಿತ. ಕನ್ನಡ ಚಿತ್ರರಂಗದಲ್ಲಿ 1960ರ ದಶಕದಿಂದ ಡಬ್ಬಿಂಗ್‌ಗೆ ಅಘೋಷಿತ ನಿರ್ಬಂಧವಿತ್ತು. ಭಾರತೀಯ ಸ್ಪರ್ಧಾ ಆಯೋಗವು 2015ರ ಜುಲೈನಲ್ಲಿ ಇದರ ವಿರುದ್ಧ ಆದೇಶ ನೀಡುವವರೆಗೆ ಪರಭಾಷೆಯ ಚಿತ್ರಗಳು ಕನ್ನಡ ಧ್ವನಿಯಲ್ಲಿ ದೊರೆಯುವುದು ಅಪರೂಪವಾಗಿತ್ತು. ಡಬ್ಬಿಂಗ್ ಕುರಿತ ವಾದವಿವಾದಗಳ ವಿಮರ್ಶೆ ಇಲ್ಲಿ ಅಪ್ರಸ್ತುತ. ಆದರೆ ಡಬ್ಬಿಂಗ್ ಇಲ್ಲದ ಭಾಷೆಗೆ ಉಪಶೀರ್ಷಿಕೆಯೇ ಉಳಿದ ದಾರಿ ಎಂಬುದು ಸ್ಪಷ್ಟ. ಆ ದಾರಿಯಲ್ಲಿಯೂ ಇದ್ದದ್ದು ಬಹುಪಾಲು ಇಂಗ್ಲಿಷ್ ಅಕ್ಷರ. ಕನ್ನಡವನ್ನು ಮಾತ್ರ ಓದಬಲ್ಲವರು ಇದರಿಂದ ಹೊರಗುಳಿದರು. ಇವರಿಗಿಂತ ಹೆಚ್ಚು ವಂಚಿತರಾದವರು ಕನ್ನಡ ಕುಟುಂಬಗಳ ಶ್ರವಣದೋಷವುಳ್ಳ ಸದಸ್ಯರು. ಅವರಿಗೆ ಕನ್ನಡ ಚಿತ್ರಕ್ಕೇ ಕನ್ನಡ ಉಪಶೀರ್ಷಿಕೆ ಬೇಕು. ಚಿತ್ರೋತ್ಸವಗಳಿಗೆಂದು ಇಂಗ್ಲಿಷ್ ಉಪಶೀರ್ಷಿಕೆ ಪಡೆದ ಕನ್ನಡ ಚಿತ್ರಗಳಿಗೂ ಕನ್ನಡದ ಉಪಶೀರ್ಷಿಕೆ ಇರುವುದು ವಿರಳ.

ವಿಸಿಡಿಯ ವಿಚಾರ ಸರಳ. 1993ರಲ್ಲಿ ರೂಪುಗೊಂಡ ಈ ವಿಧಾನದಲ್ಲಿ ಉಪಶೀರ್ಷಿಕೆಗೆ ಪ್ರತ್ಯೇಕ ಸ್ಥಾನವೇ ಇಲ್ಲ. ಅಕ್ಷರಗಳನ್ನು ಚಿತ್ರದ ಮೇಲೆಯೇ ಅಚ್ಚೊತ್ತಬೇಕು. ಬೇಡವೆಂದವರು ಅದನ್ನು ಅಳಿಸುವಂತಿಲ್ಲ. ಅಡ್ಡಕ್ಕೆ 352, ಲಂಬಕ್ಕೆ 288 ಚುಕ್ಕೆಗಳಷ್ಟೇ ಇರುವ ಪರದೆಯಲ್ಲಿ ಒತ್ತಕ್ಷರಗಳು ಮಸಿಯ ಕಲೆಯಂತೆ ಕಾಣುತ್ತವೆ.

ಡಿವಿಡಿಯದು ಬೇರೆ ಕಥೆ. ಒಂದು ಡಿವಿಡಿಯಲ್ಲಿ 8 ಧ್ವನಿಪಥಗಳಿಗೂ 32 ಉಪಶೀರ್ಷಿಕೆ ಪಥಗಳಿಗೂ ಅವಕಾಶವಿದೆ. ಇಲ್ಲಿ ಮುಖ್ಯ ಸಂಗತಿಯೆಂದರೆ, ಡಿವಿಡಿಯ ಉಪಶೀರ್ಷಿಕೆ ಪಠ್ಯವಲ್ಲ, ಚಿತ್ರ. ಪ್ರತಿ ಸಾಲನ್ನೂ ನಾಲ್ಕು ಬಣ್ಣಗಳ ಮಿತಿಯೊಳಗಿನ ಪುಟ್ಟ ಚಿತ್ರವಾಗಿ ಸಿದ್ಧಪಡಿಸಿ ತಟ್ಟೆಯಲ್ಲಿ ಇರಿಸಲಾಗುತ್ತದೆ. ಪ್ಲೇಯರ್ ಅದನ್ನು ಹೇಳಿದ ಕ್ಷಣದಲ್ಲಿ ಪರದೆಯ ಮೇಲೆ ಹೊದಿಸುತ್ತದೆ. ಆ ಚಿತ್ರದಲ್ಲಿರುವುದು ಕನ್ನಡವೋ ಗ್ರೀಕೋ ಎಂಬುದು ಯಂತ್ರಕ್ಕೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಅರ್ಥಾತ್, 1990ರ ದಶಕದ ಅಂತ್ಯದಲ್ಲಿ ಭಾರತದಲ್ಲಿ ಮಾರಾಟವಾದ ಮೊದಲ ಡಿವಿಡಿ ಪ್ಲೇಯರ್ ಕೂಡ ಕನ್ನಡ ಉಪಶೀರ್ಷಿಕೆಯನ್ನು ನಿರ್ದೋಷವಾಗಿ ತೋರಿಸಬಲ್ಲದಾಗಿತ್ತು. ತಟ್ಟೆಯಲ್ಲಿ ಅದನ್ನು ಇರಿಸುವವರು ಇರಲಿಲ್ಲ, ಅಷ್ಟೆ. ಈ ಹಂತದ ಕೊರತೆಯನ್ನು ಯಂತ್ರದ ಮೇಲೆ ಹೊರಿಸುವುದು ನ್ಯಾಯವಲ್ಲ.

ಪಥದ ಭಾಷೆಯನ್ನು ಗುರುತಿಸಲು ಡಿವಿಡಿಯು ಎರಡು ಅಕ್ಷರದ ಅಂತರರಾಷ್ಟ್ರೀಯ ಭಾಷಾ ಸಂಕೇತವನ್ನು ಬಳಸುತ್ತದೆ. ಕನ್ನಡದ ಸಂಕೇತ 'ಕೆಎನ್'. ಪ್ಲೇಯರ್‌ನ ಆಯ್ಕೆಪಟ್ಟಿಯಲ್ಲಿ ಕನ್ನಡದ ಹೆಸರು ಸಾಮಾನ್ಯವಾಗಿ ಇರುತ್ತಿರಲಿಲ್ಲ. 'ಇತರೆ' ಎಂಬುದನ್ನು ಆರಿಸಿ ನಾಲ್ಕು ಅಂಕಿಯ ಸಂಖ್ಯೆಯನ್ನು ರಿಮೋಟ್‌ನಿಂದ ಒತ್ತಬೇಕಾಗುತ್ತಿತ್ತು. ಎಲ್‌ಜಿಯಂತಹ ಕೆಲವು ಕಂಪನಿಗಳ ಕೈಪಿಡಿಗಳಲ್ಲಿ ಈ ಸಂಖ್ಯೆ 7578. 'ಕೆ' ಎಂಬ ರೋಮನ್ ಅಕ್ಷರದ ಆಸ್ಕಿ ಸಂಖ್ಯೆ 75, 'ಎನ್' ಅಕ್ಷರದ್ದು 78. ಎರಡನ್ನೂ ಜೋಡಿಸಿದರೆ ಕನ್ನಡ. ಕೈಪಿಡಿಯ ಕೊನೆಯ ಪುಟದ ಈ ಪಟ್ಟಿಯನ್ನು ತೆರೆದು ನೋಡಿದವರು ಎಷ್ಟು ಮಂದಿಯೋ!

ಚಿತ್ರರೂಪದ ಉಪಶೀರ್ಷಿಕೆಯಲ್ಲಿಯೂ ಕನ್ನಡ ಲಿಪಿಗೆ ತನ್ನದೇ ಆದ ಬೇಡಿಕೆಗಳಿವೆ. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಚಿತ್ರ 576 ಗೆರೆಗಳದು. ಬೆಸ ಗೆರೆಗಳೂ ಸಮ ಗೆರೆಗಳೂ ಸರದಿಯ ಮೇಲೆ ಮೂಡುತ್ತವೆ. ಒಂದೇ ಗೆರೆಯಷ್ಟು ತೆಳುವಾದ ಅಡ್ಡಗೀಟು ಸೆಕೆಂಡಿಗೆ 25 ಬಾರಿ ಮಾತ್ರ ಬೆಳಗುವುದರಿಂದ ಕಣ್ಣಿಗೆ ಮಿನುಗಿದಂತೆ ಕಾಣುತ್ತದೆ. ಕನ್ನಡದ ತಲೆಕಟ್ಟು ಇಂಥ ಅಡ್ಡಗೀಟೇ ಆಗಿರುವುದರಿಂದ, ಮುದ್ರಣಕ್ಕೆಂದು ರಚಿಸಿದ ತೆಳು ಅಕ್ಷರಶೈಲಿಗಳು ಕಿರುತೆರೆಗೆ ಒಗ್ಗುವುದಿಲ್ಲ. ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ ಅಕ್ಷರಗಳನ್ನು ಬೇರ್ಪಡಿಸುವುದು ಅಡಿಯ ಒಂದು ಸೀಳು. ರ ಮತ್ತು ಠ ಅಕ್ಷರಗಳನ್ನು ಬೇರ್ಪಡಿಸುವುದು ನಡುವಿನ ಒಂದು ಚುಕ್ಕೆ. ಗೀಟನ್ನು ದಪ್ಪ ಮಾಡಿದರೆ ಸೀಳು ಮುಚ್ಚಿಹೋಗುತ್ತದೆ, ತೆಳ್ಳಗೆ ಮಾಡಿದರೆ ತಲೆಕಟ್ಟು ಮಿನುಗುತ್ತದೆ. ಇದರೊಂದಿಗೆ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ. 'ರಾಷ್ಟ್ರ' ಎಂಬ ಪದದಲ್ಲಿ ಷಕಾರಕ್ಕೆ ಟಕಾರದ ಒತ್ತು, ಅದಕ್ಕೆ ಮತ್ತೆ ರಕಾರದ ಒತ್ತು. ರೋಮನ್ ಲಿಪಿಯ ಅಳತೆಯಲ್ಲಿ ಎರಡು ಸಾಲುಗಳನ್ನು ಜೋಡಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತವನ್ನು ತಾಗುತ್ತದೆ. ವಿಭಕ್ತಿ ಪ್ರತ್ಯಯಗಳನ್ನೂ ಕ್ರಿಯಾರೂಪಗಳನ್ನೂ ಒಂದೇ ಪದದೊಳಗೆ ಕೂಡಿಸುವ ಭಾಷೆಯಾದ್ದರಿಂದ ಕನ್ನಡದ ಪದಗಳು ಉದ್ದ; ಸಾಲನ್ನು ಎಲ್ಲಿ ಒಡೆಯಬೇಕೆಂಬ ಪ್ರಶ್ನೆಯೂ ಕಠಿಣವಾಗುತ್ತದೆ.

ನಿಜವಾದ ಬಿಕ್ಕಟ್ಟು ಆರಂಭವಾದದ್ದು ಪಠ್ಯರೂಪದ ಉಪಶೀರ್ಷಿಕೆಯಿಂದ. 2000ದ ದಶಕದ ಮಧ್ಯದಿಂದ ಡಿವ್‌ಎಕ್ಸ್ ಕಡತಗಳನ್ನು ಓಡಿಸುವ, ಯುಎಸ್‌ಬಿ ಕಿಂಡಿಯುಳ್ಳ ಪ್ಲೇಯರ್‌ಗಳು ಅಗ್ಗವಾದವು. ಇವುಗಳಲ್ಲಿ ಚಿತ್ರದ ಕಡತದ ಪಕ್ಕದಲ್ಲಿಯೇ ಅದೇ ಹೆಸರಿನ 'ಎಸ್‌ಆರ್‌ಟಿ' ಕಡತವನ್ನು ಇರಿಸಿದರೆ ಉಪಶೀರ್ಷಿಕೆ ಮೂಡುತ್ತದೆ. ಆ ಕಡತದಲ್ಲಿ ಕ್ರಮಸಂಖ್ಯೆ, ಆರಂಭ ಮತ್ತು ಅಂತ್ಯದ ಸಮಯ, ಮಾತು, ಇಷ್ಟೇ ಇರುತ್ತವೆ. ಯಾರು ಬೇಕಾದರೂ ಬರೆಯಬಹುದಾದ ಈ ಸರಳ ರೂಪವು ಕನ್ನಡ ಉಪಶೀರ್ಷಿಕೆಯನ್ನು ಮನೆಮನೆಯ ಕೆಲಸವಾಗಿಸಬಹುದಿತ್ತು. ಆದರೆ ಅಕ್ಷರವನ್ನು ಬಿಡಿಸುವ ಹೊಣೆ ಈಗ ತಟ್ಟೆ ತಯಾರಕರಿಂದ ಪ್ಲೇಯರ್‌ಗೆ ವರ್ಗವಾಯಿತು. ಆ ಪ್ಲೇಯರ್‌ನ ಸ್ಮೃತಿಯಲ್ಲಿದ್ದುದು ಅಕ್ಷರಕ್ಕೊಂದು ಬೈಟಿನ ಪಟ್ಟಿ: ಪಶ್ಚಿಮ ಯೂರೋಪಿನದು, ಮಧ್ಯ ಯೂರೋಪಿನದು, ಗ್ರೀಕ್, ಸಿರಿಲಿಕ್, ಕೆಲವದರಲ್ಲಿ ಹೀಬ್ರೂ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದೆ. ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತವೂ ಮೂರು ಬೈಟುಗಳನ್ನು ತೆಗೆದುಕೊಳ್ಳುತ್ತದೆ. 'ಕನ್ನಡ' ಎಂಬ ಪದದಲ್ಲಿ ಕಣ್ಣಿಗೆ ಕಾಣುವುದು ಮೂರು ಅಕ್ಷರಗಳಾದರೂ ಸಂಕೇತಗಳು ಐದು, ಬೈಟುಗಳು 15. ಪಶ್ಚಿಮ ಯೂರೋಪಿನ ಪಟ್ಟಿಯನ್ನಷ್ಟೇ ಬಲ್ಲ ಯಂತ್ರ ಈ ಬೈಟುಗಳನ್ನು ಒಂದೊಂದಾಗಿ ಓದುತ್ತದೆ. ಕಕಾರದ ಜಾಗದಲ್ಲಿ ನೆತ್ತಿಯ ಮೇಲೆ ಓರೆಗೀಟುಳ್ಳ ರೋಮನ್ 'ಎ', ಬಳಿಕ ಪುಟ್ಟ ಎರಡರ ಅಂಕಿ, ಬಳಿಕ ದಪ್ಪ ಚುಕ್ಕೆ. ಕನ್ನಡದ ಎಲ್ಲ ಸಂಕೇತಗಳೂ ಒಂದೇ ಬೈಟಿನಿಂದ ಆರಂಭವಾಗುವ ಕಾರಣ, ಓರೆಗೀಟಿನ ಆ 'ಎ' ಸಾಲಿನುದ್ದಕ್ಕೂ ಮರಳಿ ಮರಳಿ ಬರುತ್ತದೆ. ಪರದೆಯಲ್ಲಿ ಇದನ್ನು ಕಂಡವರು ಕಡತ ಕೆಟ್ಟಿದೆಯೆಂದು ಭಾವಿಸುವುದು ಸಹಜ. ಕಡತದಲ್ಲಿ ದೋಷವೇನೂ ಇರುವುದಿಲ್ಲ.

ಫಾಂಟ್ ಒಂದನ್ನು ಸೇರಿಸಿದರೆ ಸಾಕಾಗುತ್ತಿತ್ತೇ? ಸಾಲದು. 'ಸೂರ್ಯ' ಎಂದು ಬರೆಯುವಾಗ ರಕಾರ ಮೊದಲು, ಯಕಾರ ನಂತರ ದಾಖಲಾಗುತ್ತದೆ. ಪರದೆಯಲ್ಲಿ ಯಕಾರ ಮೊದಲು ಮೂಡಿ ಅರ್ಕಾವೊತ್ತು ಅದರ ಬಲಕ್ಕೆ ಬರಬೇಕು. ಸಂಕೇತಗಳ ಸಾಲನ್ನು ಅಕ್ಷರರೂಪಗಳ ಸಾಲಾಗಿ ಮಾರ್ಪಡಿಸುವ ಈ ಕೆಲಸಕ್ಕೆ ಪ್ರತ್ಯೇಕ ತಂತ್ರಾಂಶ ಬೇಕು. ಗಣಕದಲ್ಲಿ 2001ರ ವಿಂಡೋಸ್ ಎಕ್ಸ್‌ಪಿ ತನ್ನ ತುಂಗಾ ಫಾಂಟ್‌ನೊಂದಿಗೆ ಇದನ್ನು ಒದಗಿಸಿತು. ಅಗ್ಗದ ಪ್ಲೇಯರ್‌ನಲ್ಲಿ ಅದಕ್ಕೆ ಎಡೆಯಿರಲಿಲ್ಲ. 1998ರಲ್ಲಿ ಬಂದ ಬರಹ ಮತ್ತು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶಗಳ ಹಳೆಯ ಫಾಂಟ್‌ಗಳು ಅಕ್ಷರಗಳನ್ನು ತುಂಡುಗಳಾಗಿಸಿ ಒಂದು ಬೈಟಿನ ಮಿತಿಯೊಳಗೆ ಕೂರಿಸಿದ್ದವು. ತಾತ್ತ್ವಿಕವಾಗಿ ಇವು ಪ್ಲೇಯರ್‌ಗೆ ಸಮೀಪದವು. ಆದರೆ ಒತ್ತಿನ ತುಂಡು ಹಿಂದಿನ ಅಕ್ಷರದ ಕೆಳಗೆ ಜಾರಿ ಕೂರಬೇಕು; ಪ್ರತಿ ಚಿಹ್ನೆಗೂ ಚೌಕವೊಂದನ್ನು ಮೀಸಲಿಡುವ ಸರಳ ಯಂತ್ರದಲ್ಲಿ ಅದು ಪಕ್ಕಕ್ಕೆ ಬಂದು ನಿಲ್ಲುತ್ತದೆ. ಮಾರುಕಟ್ಟೆಯ ಲೆಕ್ಕಾಚಾರವೂ ಇಲ್ಲಿ ಕೆಲಸ ಮಾಡಿದೆ: ಕನ್ನಡಕ್ಕಿಂತ ಕಡಿಮೆ ಜನರಾಡುವ ಗ್ರೀಕ್ ಭಾಷೆಗೆ ಸ್ಥಾನ ದೊರೆತದ್ದು ಲಿಪಿಯ ಸರಳತೆಯೊಂದರಿಂದಲೇ ಅಲ್ಲ.

ಬಳಕೆದಾರರಿಗೆ ಒಂದು ಅಡ್ಡದಾರಿಯಿತ್ತು. ಗಣಕದಲ್ಲಿ ಕನ್ನಡ ಪಠ್ಯವನ್ನು ಸರಿಯಾಗಿ ಮೂಡಿಸಿ, ಪ್ರತಿ ಸಾಲನ್ನೂ ಚಿತ್ರವಾಗಿಸಿ, ಡಿವಿಡಿಯ ಮಾದರಿಯಲ್ಲಿಯೇ 'ಸಬ್' ಮತ್ತು 'ಐಡಿಎಕ್ಸ್' ಎಂಬ ಜೋಡಿ ಕಡತಗಳಾಗಿ ಉಳಿಸುವುದು. ಇವುಗಳನ್ನು ಓದಬಲ್ಲ ಪ್ಲೇಯರ್‌ಗಳಲ್ಲಿ ಕನ್ನಡ ಶುದ್ಧವಾಗಿ ಮೂಡುತ್ತದೆ. ಆದರೂ ಸಮಯದ ಹೊಂದಾಣಿಕೆ ಎಚ್ಚರಿಕೆ ಬೇಡುತ್ತದೆ. ಸೆಕೆಂಡಿಗೆ 24 ಚೌಕಟ್ಟುಗಳ ಚಿತ್ರವನ್ನು ಪಾಲ್ ಡಿವಿಡಿಗಾಗಿ 25ಕ್ಕೆ ಏರಿಸಿದ್ದರೆ, 150 ನಿಮಿಷದ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ. ಮೂಲ ವೇಗಕ್ಕೆ ಬರೆದ ಉಪಶೀರ್ಷಿಕೆ ಕೊನೆಯ ದೃಶ್ಯಕ್ಕೆ ಆರು ನಿಮಿಷ ತಡವಾಗಿ ಬರುತ್ತದೆ.

2012ರ ಆಂಡ್ರಾಯ್ಡ್ 4.1 ಆವೃತ್ತಿಯಲ್ಲಿ ಕನ್ನಡ ಸೇರಿದ ಮೇಲೆ, ಅದೇ ಬುನಾದಿಯ ಟಿವಿ ಮತ್ತು ಪೆಟ್ಟಿಗೆಗಳಲ್ಲಿ ಲಿಪಿಯ ತೊಡಕು ಕ್ರಮೇಣ ಕರಗಿತು. ಕಾನೂನಿನ ಒತ್ತಾಸೆಯೂ ಬಂದಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ನಂತರ, ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವು 2019ರಲ್ಲಿ ದೂರದರ್ಶನ ಕಾರ್ಯಕ್ರಮಗಳಿಗೂ 2024ರ ಮಾರ್ಚ್‌ನಲ್ಲಿ ಚಿತ್ರಮಂದಿರದ ಚಲನಚಿತ್ರಗಳಿಗೂ ಶ್ರವಣದೋಷವುಳ್ಳವರಿಗೆ ನಿಲುಕುವಂತಹ ಮಾನದಂಡಗಳನ್ನು ಪ್ರಕಟಿಸಿತು. ಆದರೆ ಈಗಾಗಲೇ ತಟ್ಟೆಗಳಲ್ಲಿ ಮಾರಾಟವಾಗಿ ಮನೆಗಳ ಕಪಾಟು ಸೇರಿರುವ ಕನ್ನಡ ಚಿತ್ರಗಳಿಗೆ ಇವು ಅನ್ವಯಿಸುವುದಿಲ್ಲ.

ಗ್ರಂಥಾಲಯಗಳಿಗೂ ಚಿತ್ರಭಂಡಾರಗಳಿಗೂ ಸಂಬಂಧಿಸಿದ ಒಂದು ಅಂಶ ಇಲ್ಲಿದೆ. ಡಿವಿಡಿಯ ಚಿತ್ರರೂಪದ ಉಪಶೀರ್ಷಿಕೆಯಲ್ಲಿ ಪದವನ್ನು ಹುಡುಕಲಾಗದು, ತಿದ್ದಲಾಗದು. ಅಕ್ಷರಗ್ರಾಹಕ ತಂತ್ರಾಂಶಗಳು ಅದನ್ನು ಪಠ್ಯವಾಗಿಸುವಾಗ ಒತ್ತುಗಳಲ್ಲಿಯೂ ಸೀಳುಗಳಲ್ಲಿಯೂ ಎಡವುತ್ತವೆ. ತಟ್ಟೆಯನ್ನು ದಾಖಲಿಸುವಾಗ ಉಪಶೀರ್ಷಿಕೆಯ ಮೂಲ ಪಠ್ಯವನ್ನು ನಿರ್ಮಾಪಕರಿಂದ ಪಡೆದು, ಯೂನಿಕೋಡ್‌ನಲ್ಲಿ, ಯಾವ ಚೌಕಟ್ಟು ವೇಗಕ್ಕೆ ಹೊಂದಿಸಿದ್ದೆಂಬ ಟಿಪ್ಪಣಿಯೊಂದಿಗೆ ಪ್ರತ್ಯೇಕ ಕಡತವಾಗಿ ಇರಿಸಬೇಕು. ನುಡಿ ಅಥವಾ ಬರಹದ ಹಳೆಯ ಸಂಕೇತದಲ್ಲಿರುವ ಪಠ್ಯಗಳನ್ನು ಪರಿವರ್ತಿಸುವ ಸಾಧನಗಳು ಲಭ್ಯವಿವೆ. ಪರಿವರ್ತನೆಯ ನಂತರ ಅರ್ಕಾವೊತ್ತುಳ್ಳ ಪದಗಳನ್ನು ಕಣ್ಣಾರೆ ಪರಿಶೀಲಿಸುವುದು ಅಗತ್ಯ.