ಗೊಂಬೆಯ ತಳದಲ್ಲಿ ದೇಶದ ಹೆಸರು

ಷೋಕೇಸಿನಲ್ಲಿಟ್ಟ ಪಿಂಗಾಣಿ ಗೊಂಬೆಯ ಮುಖವನ್ನು ಎಲ್ಲರೂ ನೋಡುತ್ತಾರೆ. ಹಳೆಯ ಗೊಂಬೆಗಳನ್ನು ಕೂಡಿಡುವ ಹವ್ಯಾಸವುಳ್ಳವರು ಮಾತ್ರ ಮೊದಲು ಅದನ್ನು ತಲೆಕೆಳಗು ಮಾಡಿ ತಳ ನೋಡುತ್ತಾರೆ. ಜಪಾನಿನಿಂದ ಅಮೆರಿಕಕ್ಕೆ ರಫ್ತಾದ ಗೊಂಬೆಗಳ ಕಥೆ ಇರುವುದೇ ಅಲ್ಲಿ.

1890ರಲ್ಲಿ ಅಮೆರಿಕ ಒಂದು ಸುಂಕದ ಕಾಯಿದೆ ಮಾಡಿ, ಹೊರಗಿನಿಂದ ಬರುವ ಸರಕಿನ ಮೇಲೆ ಅದು ತಯಾರಾದ ದೇಶದ ಹೆಸರು ಇಂಗ್ಲಿಷಿನಲ್ಲಿರಬೇಕೆಂದು ವಿಧಿಸಿತು. ಜಪಾನೀಯರು ತಮ್ಮ ದೇಶವನ್ನು ತಾವು ಕರೆಯುವಂತೆ ‘ನಿಪ್ಪಾನ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರು. ಮೂವತ್ತು ವರ್ಷ ಹೀಗೇ ನಡೆಯಿತು. 1921ರಲ್ಲಿ ಅಮೆರಿಕದ ಸುಂಕದವರು ಅದು ಇಂಗ್ಲಿಷ್ ಶಬ್ದವಲ್ಲವೆಂದು ತಕರಾರು ತೆಗೆದರು. ಮುದ್ರೆ ‘ಜಪಾನ್’ ಎಂದಾಯಿತು. ಎರಡನೆಯ ಮಹಾಯುದ್ಧದಲ್ಲಿ ಸೋತ ದೇಶ 1952ರ ಏಪ್ರಿಲ್ ತನಕ ಗೆದ್ದವರ ಹಿಡಿತದಲ್ಲಿತ್ತು. ಆಗ ರಫ್ತಾದ ಅನೇಕ ಗೊಂಬೆಗಳ ಮೇಲೆ ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ ಎಂದಿದೆ. ತಮ್ಮ ಸೋಲನ್ನು ತಾವೇ ಒತ್ತಿ ಮಾರಬೇಕಾಗಿ ಬಂತು!

ಯುವಮಿತ್ರರೇ, ಹೊರನಾಡಿನಲ್ಲಿ ಬೆಳೆದ ನಿಮಗೆ ಇದು ತೀರ ಹೊಸದಲ್ಲ. ಮುಂಬಯಿ, ದೆಹಲಿಗಳಲ್ಲಿ ಕನ್ನಡಿಗರೆಂದು ಹೇಳಿಕೊಂಡರೂ ‘ಮದ್ರಾಸಿ’ ಎನಿಸಿಕೊಂಡ ದಿನಗಳನ್ನು ನಿಮ್ಮ ತಂದೆತಾಯಿಯರು ಬಲ್ಲರು.

ಈ ಗೊಂಬೆಗಳ ದೊಡ್ಡ ತವರು ನಗೋಯಾ ಬಳಿಯ ಸೆತೊ ಪಟ್ಟಣ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಯ ಗೊಂಬೆಗಳು ಬರುವುದು ನಿಂತಾಗ ಸೆತೊದವರಿಗೆ ದಾರಿ ತೆರೆಯಿತು. ಜಿಪ್ಸಮ್ ಅಚ್ಚಿಗೆ ನೀರಾದ ಜೇಡಿಯನ್ನು ಸುರಿಯುತ್ತಾರೆ. ಅಚ್ಚು ನೀರು ಹೀರಿ ಒಳಗೋಡೆಗೆ ತೆಳುವಾದ ಪದರ ಕಟ್ಟುತ್ತದೆ. ಉಳಿದದ್ದನ್ನು ಬಗ್ಗಿಸಿದರೆ ಟೊಳ್ಳು ಗೊಂಬೆ ಸಿದ್ಧ. ಕೈ, ತಲೆ, ಹೂಬುಟ್ಟಿಗಳನ್ನು ಬೇರೆ ಬೇರೆ ಮಾಡಿ ಅದೇ ಜೇಡಿಯಿಂದ ಅಂಟಿಸುತ್ತಾರೆ. ಭಟ್ಟಿಯಲ್ಲಿ ಒಳಗಿನ ಬಿಸಿಗಾಳಿ ಹೊರಬರಲು ತಳದಲ್ಲೊಂದು ತೂತು. ಬಳಿಕ ಕುಂಚದ ಕೆಲಸ. ಕುರಿಕಾಯುವ ಯುರೋಪಿನ ಹುಡುಗಿ, ದೇವದೂತ, ನಾಯಿಮರಿ ಎಲ್ಲವೂ ಕೊಳ್ಳುವವರ ಮನೆಯ ರುಚಿಗೆ ತಕ್ಕಂತೆ. ಷಿಕಾಗೋದ ಲೆಫ್ಟನ್‌ನಂಥ ಆಮದುದಾರರ ಹೆಸರು ತಳದಲ್ಲಿ ಸಿಗುತ್ತದೆ. ಹುಬ್ಬು ತೀಡಿದವರ ಹೆಸರು ಸಾಮಾನ್ಯವಾಗಿ ಸಿಗದು. 1985ರ ನಂತರ ಯೆನ್ ಬೆಲೆ ಏರಿ ಆ ವ್ಯಾಪಾರ ಕುಸಿಯಿತು.

ಮುಂಬಯಿಯ ಚೋರ್ ಬಜಾರಿನಂಥ ಕಡೆ ಇಂಥದೊಂದು ಕಣ್ಣಿಗೆ ಬಿದ್ದರೆ ಆತುರಪಡಬೇಡಿ. ಬೆರಳ ತುದಿ, ಟೋಪಿಯ ಅಂಚುಗಳ ಮೇಲೆ ಉಗುರು ಆಡಿಸಿ; ಚಕ್ಕೆ ಎದ್ದಿದ್ದರೆ ತಿಳಿಯುತ್ತದೆ. ‘ಆಕ್ಯುಪೈಡ್’ ಮುದ್ರೆಗೆ ಬೇಡಿಕೆ ಇರುವುದರಿಂದ ನಕಲಿ ಮುದ್ರೆಗಳೂ ಇವೆ. ನೈಲ್ ಪಾಲಿಷ್ ತೆಗೆಯುವ ದ್ರವದಲ್ಲಿ ಅದ್ದಿದ ಹತ್ತಿಯಿಂದ ಒರೆಸಿದಾಗ ಮುದ್ರೆ ಅಳಿಸಿಹೋದರೆ ಅನುಮಾನಿಸಿ. ಮನೆಗೆ ತಂದ ಮೇಲೆ ಚಿನ್ನದ ಗೆರೆಗಳನ್ನು ಉಜ್ಜಬೇಡಿ. ಮೆತ್ತನೆಯ ಕುಂಚದಿಂದ ಧೂಳು ಕೊಡವಿದರೆ ಸಾಕು.

ಇನ್ನೊಂದು ಮಾತು. ಎಲ್ಲಿ ಸಿಕ್ಕಿತು, ಯಾರು ಕೊಟ್ಟರು, ಯಾವ ವರ್ಷ ಎಂದು ಒಂದು ಚೀಟಿಯಲ್ಲಿ ಬರೆದು ಗೊಂಬೆಯ ಜೊತೆಗಿಡಿ. ಅಜ್ಜಿಯ ಕಾಲದ ಬೆಳ್ಳಿ ಬಟ್ಟಲಿಗೂ, ಚನ್ನಪಟ್ಟಣದ ಬೊಂಬೆಗೂ ಹಾಗೆಯೇ ಮಾಡಿ. ಮಾಡಿದವರ ಹೆಸರು ಗೊತ್ತಿದ್ದರೆ ಅದನ್ನೇ ಮೊದಲು ಬರೆಯಿರಿ.