ಕ್ರೋಶಾ ಸಾಂತ್ವನ ಹೊದಿಕೆ

ಕ್ರೋಶಾ ಸಾಂತ್ವನ ಹೊದಿಕೆಯು ಎಳೆಯ ಮಕ್ಕಳು ಹಿಡಿದುಕೊಂಡು ಸಮಾಧಾನ ಪಡೆಯಲೆಂದು ಕ್ರೋಶಾ ಕಡ್ಡಿಯಿಂದ ಹೆಣೆದ ಚಿಕ್ಕ ಚೌಕಾಕಾರದ ವಸ್ತು. ಇದರ ನಡುಭಾಗದಲ್ಲಿ ಮೊಲ, ಕರಡಿ, ಆನೆ, ಬೆಕ್ಕು ಮೊದಲಾದ ಪ್ರಾಣಿಯೊಂದರ ತಲೆಯನ್ನು ಜೋಡಿಸಲಾಗಿರುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ 'ಸೆಕ್ಯುರಿಟಿ ಬ್ಲಾಂಕೆಟ್', 'ಕಂಫರ್ಟರ್' ಮತ್ತು 'ಲವಿ' ಎಂಬ ಹೆಸರುಗಳಿವೆ. ಹೆಸರಿನಲ್ಲಿ ಹೊದಿಕೆ ಎಂದಿದ್ದರೂ ಇದು ಮಗುವಿಗೆ ಹೊದಿಸುವ ವಸ್ತುವಲ್ಲ. ಇದರ ಬದಿಯ ಅಳತೆ ಸಾಮಾನ್ಯವಾಗಿ 25ರಿಂದ 40 ಸೆಂ.ಮೀ. ಮಾತ್ರ ಇರುತ್ತದೆ.

ಒಂದು ಚೌಕ ಮತ್ತು ಒಂದು ಗೋಳವನ್ನು ಹೆಣೆಯಲು ಬಂದರೆ ಈ ವಸ್ತುವನ್ನು ಪೂರ್ಣಗೊಳಿಸಬಹುದಾದ್ದರಿಂದ ಕ್ರೋಶಾ ಕಲಿಕೆಯ ಆರಂಭದಲ್ಲಿಯೇ ಇದನ್ನು ಕೈಗೆತ್ತಿಕೊಳ್ಳುವವರು ಹೆಚ್ಚು. ಆದರೆ ಮಗು ಇದನ್ನು ಎಳೆಯುತ್ತದೆ, ಕಚ್ಚುತ್ತದೆ, ಚೀಪುತ್ತದೆ. ಹೀಗಾಗಿ ನೂಲಿನ ಆಯ್ಕೆಯಿಂದ ಕಣ್ಣುಗಳನ್ನು ಮೂಡಿಸುವವರೆಗೆ ಪ್ರತಿ ಹಂತದಲ್ಲಿಯೂ ಅಂದಕ್ಕಿಂತ ಸುರಕ್ಷತೆ ಮತ್ತು ಬಾಳಿಕೆ ಮುಖ್ಯವಾಗುತ್ತವೆ.

ಹಿನ್ನೆಲೆ

ಮಗುವು ನಿರ್ದಿಷ್ಟವಾದ ಒಂದು ಬಟ್ಟೆ ಅಥವಾ ಗೊಂಬೆಗೆ ಅಂಟಿಕೊಳ್ಳುವ ವರ್ತನೆಯನ್ನು ಬ್ರಿಟನ್ನಿನ ಮಕ್ಕಳ ವೈದ್ಯ ಹಾಗೂ ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ 1951ರಲ್ಲಿ ಮಂಡಿಸಿದ, 1953ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಿವರಿಸಿದರು. ಇಂತಹ ವಸ್ತುವನ್ನು ಅವರು 'ಸಂಕ್ರಮಣ ವಸ್ತು' ಎಂಬ ಅರ್ಥದ ಪದದಿಂದ ಗುರುತಿಸಿದರು. ತಾಯಿಯೊಂದಿಗೆ ಒಂದಾಗಿರುವ ಸ್ಥಿತಿಯಿಂದ ತಾನೇ ಬೇರೆಯೆಂದು ಅರಿಯುವ ಸ್ಥಿತಿಗೆ ಸಾಗುವಾಗ ಮಗುವಿಗೆ ಈ ವಸ್ತು ಆಸರೆಯಾಗುತ್ತದೆ ಎಂಬುದು ಅವರ ವಿವರಣೆ. ವಸ್ತುವನ್ನು ಮಗುವೇ ಆರಿಸಿಕೊಳ್ಳುತ್ತದೆ. ಆದ್ದರಿಂದ ಎಷ್ಟೇ ಪ್ರೀತಿಯಿಂದ ಹೆಣೆದುಕೊಟ್ಟರೂ ಮಗು ಅದನ್ನೇ ನೆಚ್ಚಿಕೊಳ್ಳುತ್ತದೆ ಎಂಬ ಖಾತರಿಯಿಲ್ಲ.

ಮೃದುವಾದ ಸ್ಪರ್ಶದ ಮಹತ್ವವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾರಿ ಹಾರ್ಲೋ ರೀಸಸ್ ಕೋತಿಮರಿಗಳ ಮೇಲೆ ನಡೆಸಿದ, 1958ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿದವು. ತಂತಿಯಿಂದ ಮಾಡಿದ ತಾಯಿಗೊಂಬೆಯಿಂದ ಹಾಲು ದೊರೆಯುತ್ತಿದ್ದರೂ ಮರಿಗಳು ಬಟ್ಟೆ ಸುತ್ತಿದ ತಾಯಿಗೊಂಬೆಯನ್ನೇ ಹೆಚ್ಚು ಹೊತ್ತು ಅಪ್ಪಿಕೊಂಡಿರುತ್ತಿದ್ದವು. 'ಸೆಕ್ಯುರಿಟಿ ಬ್ಲಾಂಕೆಟ್' ಎಂಬ ಪದವನ್ನು ಜನಪ್ರಿಯಗೊಳಿಸಿದ್ದು ಚಾರ್ಲ್ಸ್ ಶುಲ್ಜ್ ಅವರ 'ಪೀನಟ್ಸ್' ವ್ಯಂಗ್ಯಚಿತ್ರ ಮಾಲಿಕೆ. ಅದರಲ್ಲಿ ಲೈನಸ್ ಎಂಬ ಬಾಲಕನು ಯಾವಾಗಲೂ ಹೊದಿಕೆಯೊಂದನ್ನು ಹಿಡಿದುಕೊಂಡಿರುತ್ತಾನೆ.

'ಕ್ರೋಶಾ' ಎಂಬುದು ಸಣ್ಣ ಕೊಕ್ಕೆ ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದಿದೆ. ಎರಡು ಕಡ್ಡಿಗಳ ಹೆಣಿಗೆಯಲ್ಲಿ ಅನೇಕ ಕುಣಿಕೆಗಳು ಏಕಕಾಲದಲ್ಲಿ ಕಡ್ಡಿಯ ಮೇಲಿರುತ್ತವೆ. ಕ್ರೋಶಾದಲ್ಲಿ ಒಂದು ಹೆಣಿಗೆ ಮುಗಿದಾಗ ಕಡ್ಡಿಯ ಮೇಲೆ ಉಳಿಯುವುದು ಸಾಮಾನ್ಯವಾಗಿ ಒಂದೇ ಕುಣಿಕೆ. ತಪ್ಪಾದರೆ ಬೇಕಾದಷ್ಟನ್ನು ಮಾತ್ರ ಬಿಚ್ಚಿ ಮತ್ತೆ ಹೆಣೆಯಬಹುದಾದ್ದರಿಂದ ಇದು ಹೊಸಬರಿಗೆ ಅನುಕೂಲಕರ. ಪ್ರಾಣಿಯ ತಲೆಯನ್ನು ಹೆಣೆಯುವ ಕ್ರಮವು ಜಪಾನಿನ 'ಅಮಿಗುರುಮಿ' ಶೈಲಿಗೆ ಸೇರಿದ್ದು. ಈ ಹೆಸರು ಹೆಣಿಗೆ ಮತ್ತು ತುಂಬಿದ ಗೊಂಬೆ ಎಂಬ ಅರ್ಥದ ಎರಡು ಜಪಾನೀ ಪದಗಳಿಂದ ಉಂಟಾಗಿದೆ.

ಸಾಮಗ್ರಿಗಳು

- ನೂಲು: ಮಧ್ಯಮಕ್ಕಿಂತ ತುಸು ತೆಳುವಾದ, 'ಡಿಕೆ' ಎಂದು ಗುರುತಿಸಲಾಗುವ ಹತ್ತಿ ಅಥವಾ ಅಕ್ರಿಲಿಕ್ ನೂಲು. ಹತ್ತಿಯ ನೂಲು ಬೆವರು ಮತ್ತು ಜೊಲ್ಲನ್ನು ಹೀರುತ್ತದೆ, ಪದೇ ಪದೇ ಒಗೆದರೂ ತಾಳುತ್ತದೆ. ಅಕ್ರಿಲಿಕ್ ಹಗುರ ಮತ್ತು ಅಗ್ಗ. ತುಪ್ಪಳದಂತಿರುವ ಹಾಗೂ ಮಿನುಗುವ ಎಳೆಗಳಿರುವ ನೂಲುಗಳ ಎಳೆಗಳು ಉದುರಿ ಮಗುವಿನ ಬಾಯಿಗೆ ಹೋಗಬಹುದಾದ್ದರಿಂದ ಅವು ಸೂಕ್ತವಲ್ಲ.
- ಕ್ರೋಶಾ ಕಡ್ಡಿ: ಚೌಕಕ್ಕೆ 4 ಮಿ.ಮೀ., ತಲೆ ಮತ್ತು ಕಿವಿಗಳಿಗೆ 3 ಮಿ.ಮೀ. ತಲೆಗೆ ಸಣ್ಣ ಕಡ್ಡಿಯನ್ನು ಬಳಸುವುದರಿಂದ ಹೆಣಿಗೆ ಬಿಗಿಯಾಗಿ, ಒಳಗಿನ ತುಂಬುವಿಕೆ ಹೊರಬರುವುದಿಲ್ಲ.
- ತುಂಬಲು: ಒಗೆಯಬಹುದಾದ ಪಾಲಿಯೆಸ್ಟರ್ ಫೈಬರ್. ಕಾಳು, ಮಣಿ, ಥರ್ಮಾಕೋಲ್ ಗುಂಡುಗಳನ್ನು ಬಳಸಬಾರದು.
- ಇತರ: ಮೊಂಡು ತುದಿಯ ದಪ್ಪ ಸೂಜಿ, ಕತ್ತರಿ, ಕಸೂತಿಗೆ ಕಪ್ಪು ದಾರ, ಸುತ್ತಿನ ಆರಂಭವನ್ನು ಗುರುತಿಸಲು ಬೇರೆ ಬಣ್ಣದ ದಾರದ ತುಂಡು. ಲೋಹದ ಪಿನ್ನು ಗೊಂಬೆಯೊಳಗೆ ಉಳಿದುಬಿಡುವ ಅಪಾಯವಿರುವುದರಿಂದ ದಾರವೇ ಮೇಲು.

ಮೂಲ ಹೆಣಿಗೆಗಳು

ಈ ವಸ್ತುವಿಗೆ ನಾಲ್ಕು ಹೆಣಿಗೆಗಳು ಸಾಕು.

- ಚೈನ್: ಕಡ್ಡಿಯ ಮೇಲೆ ನೂಲನ್ನು ಸುತ್ತಿ, ಇರುವ ಕುಣಿಕೆಯ ಮೂಲಕ ಎಳೆಯುವುದು.
- ಸ್ಲಿಪ್ ಸ್ಟಿಚ್: ಕಡ್ಡಿಯನ್ನು ಹೆಣಿಗೆಯೊಳಗೆ ತೂರಿಸಿ, ನೂಲನ್ನು ಆ ಹೆಣಿಗೆ ಮತ್ತು ಕಡ್ಡಿಯ ಮೇಲಿನ ಕುಣಿಕೆ ಎರಡರ ಮೂಲಕವೂ ಎಳೆಯುವುದು. ಸುತ್ತನ್ನು ಕೂಡಿಸಲು ಇದು ಬೇಕು.
- ಸಿಂಗಲ್ ಕ್ರೋಶಾ: ಕಡ್ಡಿಯನ್ನು ತೂರಿಸಿ ನೂಲನ್ನು ಎಳೆದಾಗ ಉಂಟಾಗುವ ಎರಡು ಕುಣಿಕೆಗಳ ಮೂಲಕ ಮತ್ತೊಮ್ಮೆ ನೂಲನ್ನು ಎಳೆಯುವುದು. ಇದು ಗಿಡ್ಡ ಮತ್ತು ಬಿಗಿಯಾದ ಹೆಣಿಗೆ.
- ಡಬಲ್ ಕ್ರೋಶಾ: ಮೊದಲು ನೂಲನ್ನು ಕಡ್ಡಿಗೆ ಸುತ್ತಿ, ಅನಂತರ ತೂರಿಸಿ, ನೂಲನ್ನು ಎಳೆದು, ಮೂರು ಕುಣಿಕೆಗಳನ್ನು ಎರಡೆರಡರಂತೆ ಎರಡು ಬಾರಿಗೆ ಮುಗಿಸುವುದು. ಇದು ಎತ್ತರದ ಹೆಣಿಗೆ.

ಈ ಹೆಸರುಗಳು ಅಮೆರಿಕದ ಪದ್ಧತಿಯವು. ಬ್ರಿಟಿಷ್ ಪದ್ಧತಿಯಲ್ಲಿ ಅಮೆರಿಕದ ಸಿಂಗಲ್ ಕ್ರೋಶಾವನ್ನು 'ಡಬಲ್' ಎಂದೂ, ಡಬಲ್ ಕ್ರೋಶಾವನ್ನು 'ಟ್ರೆಬಲ್' ಎಂದೂ ಕರೆಯುತ್ತಾರೆ. ಮುದ್ರಿತ ಮಾದರಿಯನ್ನು ಅನುಸರಿಸುವಾಗ ಅದು ಯಾವ ಪದ್ಧತಿಯದೆಂದು ಮೊದಲೇ ನೋಡದಿದ್ದರೆ ಅಳತೆ ಸಂಪೂರ್ಣ ಬದಲಾಗುತ್ತದೆ.

ಚೌಕವನ್ನು ಹೆಣೆಯುವ ಕ್ರಮ

ಚೌಕವನ್ನು ನಡುವಿನಿಂದ ಹೊರಕ್ಕೆ ಹೆಣೆಯಲಾಗುತ್ತದೆ. ಪ್ರಸಿದ್ಧವಾದ 'ಗ್ರ್ಯಾನಿ ಸ್ಕ್ವೇರ್' ವಿನ್ಯಾಸದಲ್ಲಿ ಗುಂಪುಗಳ ನಡುವೆ ದೊಡ್ಡ ಸಂದಿಗಳಿರುತ್ತವೆ. ಮಗುವಿನ ಬೆರಳುಗಳು ಅವುಗಳಲ್ಲಿ ಸಿಕ್ಕಿಕೊಳ್ಳಬಹುದಾದ್ದರಿಂದ ಅದರ ಒತ್ತಾದ ರೂಪವನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಮೊದಲು 4 ಚೈನ್ ಹಾಕಿ, ಸ್ಲಿಪ್ ಸ್ಟಿಚ್‌ನಿಂದ ಉಂಗುರವಾಗಿ ಕೂಡಿಸಬೇಕು. ಮೊದಲ ಸುತ್ತಿನಲ್ಲಿ 3 ಚೈನ್ ಹಾಕಬೇಕು. ಇವು ಒಂದು ಡಬಲ್ ಕ್ರೋಶಾಗೆ ಸಮ. ಉಂಗುರದೊಳಗೆ ಇನ್ನೂ 2 ಡಬಲ್ ಕ್ರೋಶಾ ಹಾಕಿ, ಮೂಲೆಗಾಗಿ 2 ಚೈನ್ ಹಾಕಬೇಕು. ಅನಂತರ '3 ಡಬಲ್ ಕ್ರೋಶಾ, 2 ಚೈನ್' ಎಂಬುದನ್ನು ಮೂರು ಬಾರಿ ಪುನರಾವರ್ತಿಸಿ, ಆರಂಭದ ಮೂರನೆಯ ಚೈನ್‌ಗೆ ಸ್ಲಿಪ್ ಸ್ಟಿಚ್‌ನಿಂದ ಕೂಡಿಸಬೇಕು. ಈಗ ನಾಲ್ಕು ಬದಿಗಳಲ್ಲಿ ತಲಾ 3 ಹೆಣಿಗೆಗಳಿರುತ್ತವೆ.

ಪ್ರತಿ ಸುತ್ತು ಮುಗಿದ ಮೇಲೆ ಹೆಣಿಗೆಯನ್ನು ಮಗುಚಿ, ಪಕ್ಕದಲ್ಲೇ ಇರುವ ಮೂಲೆಯ ಸಂದಿಗೆ ಸ್ಲಿಪ್ ಸ್ಟಿಚ್‌ನಿಂದ ಸಾಗಿ ಅಲ್ಲಿಂದ ಹೊಸ ಸುತ್ತನ್ನು ಆರಂಭಿಸಬೇಕು. ಹೀಗೆ ಮಗುಚುವುದರಿಂದ ಚೌಕವು ಒಂದು ಕಡೆಗೆ ತಿರುಚಿಕೊಳ್ಳುವುದಿಲ್ಲ. ಎರಡನೆಯ ಸುತ್ತಿನಿಂದ ನಿಯಮ ಒಂದೇ: ಹಿಂದಿನ ಸುತ್ತಿನ ಪ್ರತಿ ಹೆಣಿಗೆಯ ಮೇಲೆ ಒಂದು ಡಬಲ್ ಕ್ರೋಶಾ, ಪ್ರತಿ ಮೂಲೆಯ ಸಂದಿಯಲ್ಲಿ '2 ಡಬಲ್ ಕ್ರೋಶಾ, 2 ಚೈನ್, 2 ಡಬಲ್ ಕ್ರೋಶಾ'. ಸುತ್ತು ಆರಂಭವಾಗುವ ಮೂಲೆಯಲ್ಲಿ ಮೊದಲು 3 ಚೈನ್ ಮತ್ತು 1 ಡಬಲ್ ಕ್ರೋಶಾ ಮಾತ್ರ ಹಾಕಿ, ಸುತ್ತಿನ ಕೊನೆಯಲ್ಲಿ ಅದೇ ಸಂದಿಗೆ 2 ಡಬಲ್ ಕ್ರೋಶಾ ಮತ್ತು 2 ಚೈನ್ ಸೇರಿಸಿ ಮೂಲೆಯನ್ನು ಪೂರ್ಣಗೊಳಿಸಬೇಕು.

ಈ ಕ್ರಮದಲ್ಲಿ ಪ್ರತಿ ಸುತ್ತಿಗೆ ಒಂದು ಬದಿಯಲ್ಲಿ 4 ಹೆಣಿಗೆಗಳು ಹೆಚ್ಚುತ್ತವೆ: 3, 7, 11, 15 ಹೀಗೆ. 14ನೆಯ ಸುತ್ತಿನಲ್ಲಿ ಬದಿಗೆ 55 ಹೆಣಿಗೆಗಳಾಗುತ್ತವೆ. 10 ಸೆಂ.ಮೀ.ಗೆ 18 ಹೆಣಿಗೆಗಳು ಬರುವ ಕೈಹದಕ್ಕೆ ಇದು ಸುಮಾರು 30 ಸೆಂ.ಮೀ. ಬದಿಯ ಚೌಕ. ಲೆಕ್ಕ ತಪ್ಪಿದರೆ ಅದೇ ಸುತ್ತಿನಲ್ಲಿ ಬಿಚ್ಚಿ ಸರಿಪಡಿಸುವುದು ಉತ್ತಮ. ಮೂಲೆಯೊಂದನ್ನು ಬಿಟ್ಟರೆ ಚೌಕವು ಬಟ್ಟಲಿನಂತೆ ಮೇಲೇಳುತ್ತದೆ. ಹೆಣಿಗೆಗಳು ಹೆಚ್ಚಾದರೆ ಅಂಚು ಅಲೆಯಾಗುತ್ತದೆ.

ಮೊಲದ ತಲೆ ಮತ್ತು ಕಿವಿಗಳು

ತಲೆಯನ್ನು ಸುತ್ತುಗಳನ್ನು ಕೂಡಿಸದೆ, ಶಂಖದ ಸುರುಳಿಯಂತೆ ನಿರಂತರವಾಗಿ ಸಿಂಗಲ್ ಕ್ರೋಶಾದಲ್ಲಿ ಹೆಣೆಯಲಾಗುತ್ತದೆ. ಒಂದೇ ಹೆಣಿಗೆಯಲ್ಲಿ ಎರಡು ಸಿಂಗಲ್ ಕ್ರೋಶಾ ಹಾಕಿದರೆ 'ಹೆಚ್ಚಳ', ಎರಡು ಹೆಣಿಗೆಗಳನ್ನು ಸೇರಿಸಿ ಒಂದು ಮಾಡಿದರೆ 'ಇಳಿಕೆ'. ಸುತ್ತಿಗೆ 6 ಹೆಚ್ಚಳಗಳನ್ನು ಸಮಾನ ಅಂತರದಲ್ಲಿ ಹಾಕಿದರೆ ಚಪ್ಪಟೆಯಾದ ವೃತ್ತ ಬರುತ್ತದೆ. ಹೆಚ್ಚಳವನ್ನು ನಿಲ್ಲಿಸಿದಾಗ ಬದಿ ಮೇಲೆದ್ದು ಗೋಡೆಯಾಗುತ್ತದೆ. ಇಳಿಕೆಗಳು ಅದನ್ನು ಮುಚ್ಚುತ್ತವೆ.

- ಸುತ್ತು 1: ಬಿಗಿಗೊಳಿಸಬಹುದಾದ ನೂಲಿನ ಉಂಗುರದಲ್ಲಿ 6 ಹೆಣಿಗೆ
- ಸುತ್ತು 2ರಿಂದ 6: ಕ್ರಮವಾಗಿ 12, 18, 24, 30, 36 ಹೆಣಿಗೆ
- ಸುತ್ತು 7ರಿಂದ 12: ಬದಲಾವಣೆಯಿಲ್ಲದೆ 36 ಹೆಣಿಗೆ
- ಸುತ್ತು 13 ಮತ್ತು 14: ಕ್ರಮವಾಗಿ 30, 24 ಹೆಣಿಗೆ, ಬಳಿಕ ಫೈಬರ್ ತುಂಬಬೇಕು
- ಸುತ್ತು 15 ಮತ್ತು 16: ಕ್ರಮವಾಗಿ 18, 12 ಹೆಣಿಗೆ

ತಲೆಯ ವ್ಯಾಸ ಸುಮಾರು 6ರಿಂದ 7 ಸೆಂ.ಮೀ. ಆಗುತ್ತದೆ. ಕೊನೆಯಲ್ಲಿ ಉದ್ದನೆಯ ನೂಲನ್ನು ಹೊಲಿಯಲು ಬಿಟ್ಟು ಕತ್ತರಿಸಬೇಕು.

ಕಿವಿಗೆ ಮೊದಲ ಸುತ್ತಿನಲ್ಲಿ 6, ಎರಡನೆಯದರಲ್ಲಿ 12, ಮೂರರಿಂದ ಹನ್ನೆರಡನೆಯ ಸುತ್ತಿನವರೆಗೆ 12 ಹೆಣಿಗೆಗಳು ಬೇಕು. ಹದಿಮೂರನೆಯ ಸುತ್ತಿನಲ್ಲಿ ನಾಲ್ಕು ಇಳಿಕೆಗಳಿಂದ ಅವನ್ನು 8ಕ್ಕೆ ಇಳಿಸಬೇಕು. ಕಿವಿಗಳಿಗೆ ಏನನ್ನೂ ತುಂಬದೆ ಚಪ್ಪಟೆಯಾಗಿಸಿ ತಲೆಗೆ ಹೊಲಿಯಲಾಗುತ್ತದೆ. ಉಳಿದ ಪ್ರಾಣಿಗಳಿಗೂ ಇದೇ ತಲೆ ಸಾಕು. ಕಿವಿಗಳನ್ನು ಗಿಡ್ಡವಾಗಿ, ದುಂಡಗೆ ಮಾಡಿದರೆ ಕರಡಿ. ಅಗಲವಾದ ಕಿವಿಗಳೊಂದಿಗೆ 12 ಹೆಣಿಗೆಯ ಕೊಳವೆಯನ್ನು ಸೊಂಡಿಲಾಗಿ ಸೇರಿಸಿದರೆ ಆನೆ.

ಜೋಡಣೆ

ಕಣ್ಣು, ಮೂಗು ಮತ್ತು ಬಾಯಿಯನ್ನು ದಾರದಿಂದ ಕಸೂತಿ ಮಾಡಬೇಕು. ತಲೆ ಮುಚ್ಚುವ ಮೊದಲೇ ಈ ಕೆಲಸ ಮಾಡಿದರೆ ಗಂಟುಗಳು ಒಳಗೆ ಉಳಿಯುತ್ತವೆ. ತಲೆಯನ್ನು ಚೌಕದ ನಡುವಿನಲ್ಲಿಟ್ಟು, ಕೊನೆಯ ಸುತ್ತಿನ 12 ಹೆಣಿಗೆಗಳನ್ನೂ ಒಂದೊಂದಾಗಿ ಹಿಡಿದು ಎರಡು ಬಾರಿ ಸುತ್ತಲೂ ಹೊಲಿಯಬೇಕು. ಉಳಿದ ನೂಲಿನ ತುದಿಗಳನ್ನು ಹಿಂದಕ್ಕೂ ಮುಂದಕ್ಕೂ ಹೆಣಿಗೆಯೊಳಗೆ ಹಾಯಿಸಿ ಮರೆಮಾಡಬೇಕು. ಗಂಟು ಹಾಕಿ ಗಿಡ್ಡವಾಗಿ ಕತ್ತರಿಸಿದ ತುದಿ ಕೆಲವು ಒಗೆತಗಳಲ್ಲಿ ಬಿಚ್ಚಿಕೊಳ್ಳುತ್ತದೆ. ಕೊನೆಗೆ ಪ್ರತಿ ಕಿವಿಯನ್ನೂ ತಲೆಯನ್ನೂ ಬಲವಾಗಿ ಎಳೆದು ಪರೀಕ್ಷಿಸುವುದು ಅಗತ್ಯ.

ಸುರಕ್ಷತೆ

ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ ಒಂದು ವರ್ಷದೊಳಗಿನ ಶಿಶುಗಳನ್ನು ಅಂಗಾತ ಮಲಗಿಸಬೇಕು. ಅವರು ಮಲಗುವ ಜಾಗದಲ್ಲಿ ದಿಂಬು, ಸಡಿಲವಾದ ಹೊದಿಕೆ, ಮೃದುವಾದ ಗೊಂಬೆಗಳು ಇರಬಾರದು. ಮೂಗು ಬಾಯಿ ಮುಚ್ಚಿಕೊಂಡಾಗ ವಸ್ತುವನ್ನು ಸರಿಸುವ ಶಕ್ತಿ ಎಳೆಯ ಶಿಶುವಿಗೆ ಇರುವುದಿಲ್ಲ. ಸಾಂತ್ವನ ಹೊದಿಕೆಯು ಗೊಂಬೆಯೂ ಹೌದು, ಸಡಿಲ ಬಟ್ಟೆಯೂ ಹೌದು. ಆದ್ದರಿಂದ ಅದು ಎಷ್ಟೇ ಚಿಕ್ಕದಾಗಿದ್ದರೂ, ಹೆಣಿಗೆಯಲ್ಲಿ ಸಂದಿಗಳಿದ್ದರೂ, ಮೊದಲ ವರ್ಷದಲ್ಲಿ ತೊಟ್ಟಿಲು ಅಥವಾ ಹಾಸಿಗೆಯಲ್ಲಿ ಅದನ್ನು ಇಡಬಾರದು. ಮಗು ಎಚ್ಚರವಿದ್ದಾಗ, ಹಿರಿಯರ ಕಣ್ಣೆದುರಿನಲ್ಲಿ ಮಾತ್ರ ಕೊಡಬಹುದು. ನವಜಾತ ಶಿಶುವಿಗೆ ಇದನ್ನು ಉಡುಗೊರೆಯಾಗಿ ನೀಡುವವರು ಈ ವಿಷಯವನ್ನು ಚೀಟಿಯಲ್ಲಿ ಬರೆದು ಜೊತೆಗಿಡುವುದು ಉಪಯುಕ್ತ.

ಗುಂಡಿ, ಮಣಿ, ಗೆಜ್ಜೆ ಮತ್ತು ಪ್ಲಾಸ್ಟಿಕ್ ಕಣ್ಣುಗಳನ್ನು ಮೂರು ವರ್ಷದೊಳಗಿನ ಮಕ್ಕಳ ವಸ್ತುಗಳಲ್ಲಿ ಬಳಸಬಾರದು. ಗೊಂಬೆ ಮಾಡುವವರು 'ಸೇಫ್ಟಿ ಐಸ್' ಎಂಬ ಹೆಸರಿನಿಂದ ಕೊಳ್ಳುವ ಕಣ್ಣುಗಳು ಹಿಂಬದಿಯ ಬಿಲ್ಲೆಯಿಂದ ಬಿಗಿಯಾಗಿದ್ದರೂ, ಸುತ್ತಲಿನ ಹೆಣಿಗೆ ಸಡಿಲಗೊಂಡರೆ ಇಡಿಯಾಗಿ ಹೊರಬರಬಹುದು. ಉದ್ದನೆಯ ರಿಬ್ಬನ್ನು ಮತ್ತು ದಾರಗಳು ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯವಿದೆ.

ಭಾರತದಲ್ಲಿ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶವು 2021ರ ಜನವರಿ 1ರಿಂದ ಜಾರಿಯಲ್ಲಿದೆ. ಇದರ ಅನ್ವಯ ಮಾರಾಟಕ್ಕೆ ತಯಾರಿಸುವ ಆಟಿಕೆಗಳು ಭಾರತೀಯ ಮಾನಕ ಬ್ಯೂರೋದ ಮಾನಕಗಳಿಗೆ ಅನುಗುಣವಾಗಿರಬೇಕು. ನೋಂದಾಯಿತ ಕರಕುಶಲಕರ್ಮಿಗಳಿಗೆ ಇದರಲ್ಲಿ ವಿನಾಯಿತಿಯಿದೆ. ಆದರೆ ಕಾನೂನಿನ ವಿನಾಯಿತಿಯು ವಸ್ತುವಿನ ಅಪಾಯವನ್ನು ಕಡಿಮೆ ಮಾಡುವುದಿಲ್ಲ.

ಒಗೆತ ಮತ್ತು ಬಾಳಿಕೆ

ಮಗು ನೆಚ್ಚಿಕೊಂಡ ವಸ್ತುವನ್ನು ಒಗೆಯುವುದರಿಂದ ಅದರ ಪರಿಚಿತ ವಾಸನೆ ಹೋಗಿ, ಮಗುವಿನ ಅನುಭವದ ನಿರಂತರತೆಗೆ ಭಂಗ ಬರುತ್ತದೆ ಎಂದು ವಿನಿಕಾಟ್ ಗಮನಿಸಿದ್ದರು. ಮತ್ತೊಂದೆಡೆ ಜೊಲ್ಲು, ಹಾಲು ಮತ್ತು ಧೂಳು ಸೇರಿದ ಬಟ್ಟೆಯನ್ನು ಒಗೆಯದೆ ಇರಲಾಗದು. ಇದಕ್ಕೆ ರೂಢಿಯಲ್ಲಿರುವ ಪರಿಹಾರವೆಂದರೆ ಆರಂಭದಲ್ಲಿಯೇ ಒಂದೇ ಬಗೆಯ ಎರಡು ಹೊದಿಕೆಗಳನ್ನು ಹೆಣೆದು ಸರದಿಯಂತೆ ಬಳಸುವುದು. ಹೀಗೆ ಮಾಡಿದರೆ ಎರಡೂ ಸಮವಾಗಿ ಸವೆಯುತ್ತವೆ, ಎರಡಕ್ಕೂ ಒಂದೇ ವಾಸನೆ ಬರುತ್ತದೆ. ಒಂದು ಕಳೆದುಹೋದಾಗಲೂ ಮಗುವಿಗೆ ಆಸರೆ ತಪ್ಪುವುದಿಲ್ಲ. ಬಣ್ಣದ ಛಾಯೆ ತಂಡದಿಂದ ತಂಡಕ್ಕೆ ಬದಲಾಗುವುದರಿಂದ ಎರಡಕ್ಕೂ ಬೇಕಾದ ನೂಲನ್ನು ಒಂದೇ ಬಣ್ಣದ ತಂಡದ ಸಂಖ್ಯೆ ನೋಡಿ ಒಟ್ಟಿಗೆ ಕೊಳ್ಳಬೇಕು.

ಮೊದಲ ಬಳಕೆಗೆ ಮುನ್ನ ಒಮ್ಮೆ ಒಗೆದು ಬಣ್ಣ ಬಿಡುತ್ತದೆಯೇ ಎಂದು ನೋಡಬೇಕು. ಸೌಮ್ಯವಾದ ಸೋಪಿನ ನೀರಿನಲ್ಲಿ ಒಗೆದು, ಹಿಂಡಿ ತಿರುಚದೆ ನೀರನ್ನು ಒತ್ತಿ ತೆಗೆದು, ಸಮತಟ್ಟಾದ ಜಾಗದಲ್ಲಿ ಹರಡಿ ಒಣಗಿಸಬೇಕು. ತಲೆಯ ಒಳಭಾಗ ಪೂರ್ತಿ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ. ಪ್ರತಿ ಒಗೆತದ ನಂತರ ಹೊಲಿಗೆಗಳನ್ನು ಪರಿಶೀಲಿಸಿ, ಸಡಿಲವಾದ ಭಾಗವನ್ನು ಸರಿಪಡಿಸುವವರೆಗೆ ಮಗುವಿಗೆ ಕೊಡಬಾರದು.

ಭಾರತದಲ್ಲಿ

ಭಾರತದಲ್ಲಿ ಕ್ರೋಶಾ ಲೇಸಿನ ಪ್ರಸಿದ್ಧ ಕೇಂದ್ರ ಆಂಧ್ರಪ್ರದೇಶದ ನರಸಾಪುರ. ಅಲ್ಲಿ ಈ ಕಲೆ 19ನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳ ಮೂಲಕ ಬೇರೂರಿತು. ಮನೆಯಲ್ಲಿಯೇ ಕುಳಿತು ಹೆಣೆಯುವ ಅಲ್ಲಿನ ಮಹಿಳೆಯರ ದುಡಿಮೆಯನ್ನು ಕುರಿತು ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ 1982ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಕರ್ನಾಟಕದ ಮನೆಗಳಲ್ಲಿ ಕ್ರೋಶಾ ಕಡ್ಡಿಯಿಂದ ಬಾಗಿಲ ತೋರಣ, ಮೇಜಿನ ಹೊದಿಕೆ ಮತ್ತು ಮಕ್ಕಳ ಕುಲಾವಿಗಳನ್ನು ಹೆಣೆಯುವ ರೂಢಿಯಿದೆ. ಪ್ರಾಣಿಯ ತಲೆಯುಳ್ಳ ಸಾಂತ್ವನ ಹೊದಿಕೆ ಇಲ್ಲಿ ಹೊಸದಾದರೂ, ಅದು ನಿರ್ವಹಿಸುವ ಪಾತ್ರ ಹೊಸದಲ್ಲ. ತಾಯಿಯ ಹಳೆಯ ನೂಲಿನ ಸೀರೆಯ ತುಂಡನ್ನೋ ಕೌದಿಯ ಅಂಚನ್ನೋ ಹಿಡಿದುಕೊಂಡು ನಿದ್ದೆಗೆ ಜಾರುವ ಮಕ್ಕಳಿಗೆ ಆ ಬಟ್ಟೆಯೇ ಇದೇ ಬಗೆಯ ಆಸರೆಯಾಗಿರುತ್ತದೆ.