ಓದುವವರು, ಅರ್ಥ ಹೇಳುವವರು, ಕೇಳುವವರು: ಮಹಾಕೃತಿಗಳ ಸಹವಾಚನ ಮತ್ತು ಗುರುಮಠದ ಶಿಕ್ಷಣ

ಜೆರುಸಲೇಮಿನಿಂದ ಗಾಜಾಕ್ಕೆ ಇಳಿಯುವ ದಾರಿಯಲ್ಲಿ ಇಥಿಯೋಪಿಯದ ಕಂಚುಕಿಯೊಬ್ಬನು ರಥದಲ್ಲಿ ಕುಳಿತು ಪ್ರವಾದಿ ಯೆಶಾಯನ ಗ್ರಂಥವನ್ನು ಓದುತ್ತಿದ್ದ ಪ್ರಸಂಗ ಪ್ರೇಷಿತರ ಕಾರ್ಯಕಲಾಪಗಳ ಎಂಟನೆಯ ಅಧ್ಯಾಯದಲ್ಲಿದೆ. ಅದನ್ನು ನಾವು ಸಾಮಾನ್ಯವಾಗಿ ಜ್ಞಾನಸ್ನಾನದ ಪಾಠವಾಗಿ ಬೋಧಿಸುತ್ತೇವೆ. ಆದರೆ ಆ ಕಥೆ ನಡೆಯುವುದಕ್ಕೆ ಒಂದು ಸಣ್ಣ ಸಂಗತಿ ಆಧಾರವಾಗಿದೆ: ಅವನು ಗಟ್ಟಿಯಾಗಿ ಓದುತ್ತಿದ್ದನು. ರಥದ ಪಕ್ಕದಲ್ಲಿ ಓಡಿಬಂದ ಫಿಲಿಪ್ಪನಿಗೆ ಅದು ಕೇಳಿಸಿತು. ಕೇಳಿಸಿದ್ದರಿಂದಲೇ ಪ್ರಶ್ನೆ ಹುಟ್ಟಿತು. ದಾರಿ ತೋರಿಸುವವರಿಲ್ಲದೆ ತನಗೆ ಅರ್ಥವಾಗದೆಂದು ಅವನು ಒಪ್ಪಿಕೊಂಡಾಗ ರಥದಲ್ಲಿ ಇನ್ನೊಬ್ಬರಿಗೆ ಸ್ಥಳವಾಯಿತು. ಮೌನವಾಗಿ ಓದುವುದು ಪ್ರಾಚೀನರಲ್ಲಿ ವಿರಳವೆಂಬುದಕ್ಕೆ ಸಂತ ಅಗಸ್ಟೀನನ 'ಆತ್ಮನಿವೇದನೆ'ಯ ಆರನೆಯ ಪುಸ್ತಕವೇ ಸಾಕ್ಷಿ. ಮಿಲಾನಿನ ಧರ್ಮಾಧ್ಯಕ್ಷ ಅಂಬ್ರೋಸನು ತುಟಿ ಅಲುಗಿಸದೆ ಓದುವುದನ್ನು ಕಂಡು ಅಗಸ್ಟೀನನು ಬೆರಗಾಗಿ, ಅದಕ್ಕೆ ಕಾರಣಗಳನ್ನು ಊಹಿಸುತ್ತಾನೆ. ಇಂದು ನಮ್ಮ ಗುರುಮಠಗಳ ಗ್ರಂಥಾಲಯಗಳಲ್ಲಿ ಎಲ್ಲರೂ ಅಂಬ್ರೋಸರೇ. ರಥದ ಪಕ್ಕದಲ್ಲಿ ಯಾರು ಓಡಿಬಂದರೂ ಅವರಿಗೆ ಏನೂ ಕೇಳಿಸದು.

ಕನ್ನಡ ನಾಡಿನಲ್ಲಿ ಈ ಹಳೆಯ ಓದು ಇನ್ನೂ ಉಳಿದಿದೆ. ಅದರ ಹೆಸರು ಗಮಕ. ಒಬ್ಬರು ಕಾವ್ಯವನ್ನು ರಾಗದಲ್ಲಿ, ಆದರೆ ಸಂಗೀತಕ್ಕೆ ಸಾಹಿತ್ಯವನ್ನು ಬಲಿಗೊಡದೆ, ಪದ ಬಿಡಿಸಿ ವಾಚನ ಮಾಡುತ್ತಾರೆ. ಪಕ್ಕದಲ್ಲಿ ಕುಳಿತ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯೂ ಲಕ್ಷ್ಮೀಶನ ವಾರ್ಧಕವೂ ಅಕ್ಷರ ಬಾರದ ಮನೆಗಳನ್ನು ಶತಮಾನಗಳ ಕಾಲ ಪ್ರವೇಶಿಸಿದ್ದು ಈ ಬಾಗಿಲಿನಿಂದ. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಾಗ ಪತ್ರಿಕೆಗಳು ಇದನ್ನು ಅಪರೂಪದ ಕಲೆಯೆಂದು ಕರೆದವು. ಕಲೆ ಎನ್ನುವುದಕ್ಕಿಂತ ಇದೊಂದು ಶಿಕ್ಷಣಕ್ರಮವೆಂಬುದು ನನ್ನ ಅಭಿಪ್ರಾಯ. ನೆಹೆಮೀಯನ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ನೀರುಬಾಗಿಲಿನ ಮುಂದಣ ಬಯಲಿನಲ್ಲಿ ಎಜ್ರನು ಧರ್ಮಶಾಸ್ತ್ರವನ್ನು ಓದುವಾಗ ಲೇವಿಯರು ಜನರ ನಡುವೆ ನಿಂತು ಅರ್ಥವನ್ನು ಬಿಡಿಸಿ ಹೇಳುತ್ತಾರಷ್ಟೆ. ವಾಚನ ಮತ್ತು ವ್ಯಾಖ್ಯಾನಗಳ ಜೋಡಿಗೆ ಅದಕ್ಕಿಂತ ಸ್ಪಷ್ಟವಾದ ನಿದರ್ಶನ ಬೈಬಲಿನಲ್ಲಿ ಇನ್ನೊಂದಿಲ್ಲ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ದೈವಶಾಸ್ತ್ರದಲ್ಲಿ ಲೈಸೆನ್ಷಿಯೇಟ್ ಮುಗಿಸಿ ಹಿಂತಿರುಗಿದ ಹೊಸತರಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ಹಳ್ಳಿಗಳಿಗೆ ಸೇವೆಗಾಗಿ ಹೋಗುತ್ತಿದ್ದೆ. ಕೆರೆಗಳು ಬತ್ತಿದ್ದ ವರ್ಷ. ಆಷಾಢ ಕಳೆಯುತ್ತ ಬಂದರೂ ಮಳೆಯಿಲ್ಲ. ಮಳೆ ಕೈಕೊಟ್ಟಾಗ ವಿರಾಟಪರ್ವವನ್ನು ಓದಿಸುವುದು ನಮ್ಮ ಸೀಮೆಯ ಹಳೆಯ ರೂಢಿ. ಊರಿನ ಭಜನೆಮನೆಯಲ್ಲಿ ಓದು ನಡೆಯುತ್ತಿತ್ತು. ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು, ಮಗ್ಗದ ಕೆಲಸದವರು, ಅಲ್ಲಿ ಪ್ರತಿ ರಾತ್ರಿ ಹೋಗಿ ಕುಳಿತುಕೊಳ್ಳುತ್ತಿದ್ದರು. ಒಂದು ರಾತ್ರಿ ನನ್ನನ್ನೂ ಕರೆದೊಯ್ದರು. ಕೀಚಕನಿಂದ ಒದೆ ತಿಂದ ಸೈರಂಧ್ರಿ ರಾಜಸಭೆಗೆ ಬಂದು ನ್ಯಾಯ ಕೇಳುವ ಭಾಗ. ವಾಚನ ನಿಂತಿತು. ವ್ಯಾಖ್ಯಾನಕಾರರು, ಅಷ್ಟೇನೂ ಓದಿಲ್ಲದ ರೈತರು, ಕನ್ನಡಕ ತೆಗೆದು, "ಸಭೆ ತುಂಬ ಹಿರೀಕರಿದ್ರು, ಒಬ್ಬರೂ ಬಾಯಿ ಬಿಡಲಿಲ್ಲ" ಎಂದು ಹೇಳಿ, ಮುಂದಿನ ಸಾಲಿನಲ್ಲಿದ್ದ ಪಂಚಾಯಿತಿ ಸದಸ್ಯರ ಕಡೆ ನೋಡಿದರು. ಸಭೆ ನಕ್ಕಿತು, ಆಮೇಲೆ ಸುಮ್ಮನಾಯಿತು. ಅಂತಹ ಪ್ರಬೋಧನೆಯನ್ನು ನಾನು ಅದುವರೆಗೆ ಮಾಡಿರಲಿಲ್ಲ.

ಕೊನೆಯಲ್ಲಿ ನಾನೂ ಎರಡು ಮಾತು ಆಡಬೇಕಾಯಿತು. ಸರ್ವಧರ್ಮ ಸಾಮರಸ್ಯದ ಬಗ್ಗೆ ಸಿದ್ಧವಾಗಿದ್ದ ಮಾತುಗಳನ್ನೇ ಆಡಿದೆ. ಹೊರಡುವಾಗ ಮುದುಕರೊಬ್ಬರು ಕೇಳಿದರು: "ಸ್ವಾಮಿ, ನಿಮ್ಮ ಪುಸ್ತಕಾನೂ ಹಿಂಗೇ ಓದ್ತೀರಾ?" ಹೌದೆಂದೆ. ಅದು ಸುಳ್ಳು. ಗುರುಮಠದ ಅಷ್ಟೂ ವರ್ಷಗಳಲ್ಲಿ, ಆಮೇಲೆ ಹೊರದೇಶದಲ್ಲಿ ಕಲಿತ ವರ್ಷಗಳಲ್ಲಿ, ಬೈಬಲಿನ ಒಂದೇ ಒಂದು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಇತರರೊಡನೆ ಗಟ್ಟಿಯಾಗಿ ಓದಿ ಮುಗಿಸಿದ್ದು ನನಗೆ ನೆನಪಿರಲಿಲ್ಲ. ದೈನಂದಿನ ಪೂಜಾವಾಚನಗಳು ತುಣುಕುಗಳು; ತರಗತಿಯ ಓದು ಪರೀಕ್ಷೆಗಾಗಿ. (ಮಳೆ ಬಂತೇ ಎಂದು ವಿದ್ಯಾರ್ಥಿಗಳು ಪ್ರತಿ ಸಲ ಕೇಳುತ್ತಾರೆ. ಬಂತು, ಹತ್ತು ದಿನ ತಡವಾಗಿ.)

ಇದು ಹಳ್ಳಿಯವರ ಭಜನೆಮನೆಗೆ ಮಾತ್ರ ಸೇರಿದ ಸಂಗತಿಯಲ್ಲ. ಇದೇ ಜಿಲ್ಲೆಯ ಊರೊಂದರ ಹೆಸರನ್ನು ತಮ್ಮ ಹೆಸರಿನ ಮೊದಲಕ್ಷರವಾಗಿ ಹೊತ್ತವರು ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ, ನಮ್ಮೆಲ್ಲರ ಡಿ.ವಿ.ಜಿ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಅವರಿಗೆ ಮೆಟ್ರಿಕ್ಯುಲೇಷನ್ ಪರೀಕ್ಷೆ ದಾಟಲಾಗಲಿಲ್ಲ. ಅಂಥವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿ, ಅಲ್ಲಿ ಅಧ್ಯಯನ ಗೋಷ್ಠಿಯನ್ನು ನಡೆಸಿದರು. ಪದವಿಯಿಲ್ಲ, ಪರೀಕ್ಷೆಯಿಲ್ಲ, ಕಚೇರಿ ಕೆಲಸ ಮುಗಿಸಿ ಬಂದವರು, ವಿದ್ಯಾರ್ಥಿಗಳು, ನಿವೃತ್ತರು ಒಂದೆಡೆ ಕುಳಿತು ಒಂದು ಗ್ರಂಥವನ್ನು ಅವಸರವಿಲ್ಲದೆ ಓದುವುದು. ಅವರಿಗೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ತಂದ 'ಜೀವನಧರ್ಮಯೋಗ' ಗೀತೆಯ ಕುರಿತ ಇಂತಹ ಉಪನ್ಯಾಸಗಳಿಂದಲೇ ರೂಪುಗೊಂಡ ಗ್ರಂಥ. ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕವನ್ನು ಕನ್ನಡಿಸಿದವರೂ ಅವರೇ. ಮಹಾಕೃತಿಗೆ ಊರು, ಭಾಷೆಗಳ ಬೇಲಿಯಿಲ್ಲವೆಂದು ವಾದಿಸುವ ಬದಲು ಅವರು ಅದನ್ನು ತಂದು ಚಾಪೆಯ ಮೇಲೆ ಇಟ್ಟರು.

ಧರ್ಮಸಭೆಯ ಇತಿಹಾಸದಲ್ಲಿ ಇದಕ್ಕೆ ಸಮನಾದದ್ದು ಯಾವುದೆಂದು ಹುಡುಕಿದರೆ ನನಗೆ ಮೊದಲು ತೋರುವುದು ಕ್ಯಾಸಿಸಿಯಾಕುಮ್. ಕ್ರಿ.ಶ. 386ರ ಶರತ್ಕಾಲದಲ್ಲಿ, ಮನಃಪರಿವರ್ತನೆಯಾಗಿ ಇನ್ನೂ ಜ್ಞಾನಸ್ನಾನ ಪಡೆಯದಿದ್ದ ಅಗಸ್ಟೀನನು ಮಿಲಾನಿನ ಸಮೀಪದ ಆ ತೋಟದ ಮನೆಯಲ್ಲಿ ತಾಯಿ, ಮಗ, ಗೆಳೆಯರು ಮತ್ತು ಕೆಲವು ಶಿಷ್ಯರೊಡನೆ ತಂಗಿದ್ದನು. ಸಂಜೆಯ ಊಟಕ್ಕೆ ಮುಂಚೆ ಪ್ರತಿದಿನ ವರ್ಜಿಲನ ಅರ್ಧ ಪುಸ್ತಕವನ್ನು ಶಿಷ್ಯರೊಡನೆ ಕೇಳುತ್ತಿದ್ದುದಾಗಿ ಅವನೇ ಬರೆದಿದ್ದಾನೆ. ಈ ಗೋಷ್ಠಿಗಳ ಸಂವಾದಗಳಲ್ಲಿ ತಾಯಿ ಮೋನಿಕಳೂ ಭಾಗವಹಿಸುತ್ತಾಳೆ. ಅಲಂಕಾರಶಾಸ್ತ್ರ ಕಲಿಯದ ಆಕೆ, ತತ್ತ್ವಜ್ಞಾನಿಗಳು ಸುತ್ತುಬಳಸಿ ತಲಪುವ ಸ್ಥಳಕ್ಕೆ ನೇರವಾಗಿ ಬಂದು ನಿಲ್ಲುವುದನ್ನು ಕಂಡು ಪ್ರಾಧ್ಯಾಪಕನಾಗಿದ್ದ ಮಗ ತಲೆದೂಗುತ್ತಾನೆ. ಇದನ್ನು ಓದುವಾಗಲೆಲ್ಲ ನನಗೆ 'ಕವಿರಾಜಮಾರ್ಗ'ದ ನೆನಪಾಗುತ್ತದೆ. ಒಂಬತ್ತನೆಯ ಶತಮಾನದ, ನಮಗೆ ಉಳಿದಿರುವ ಅತಿ ಹಳೆಯ ಕನ್ನಡ ಗ್ರಂಥವಾದ ಅದು, ಈ ನಾಡಿನ ಜನ ಪ್ರಯತ್ನಪೂರ್ವಕವಾಗಿ ಓದದೆಯೂ ಕಾವ್ಯದಲ್ಲಿ ನುರಿತ ಬುದ್ಧಿಯುಳ್ಳವರೆಂದು ಹೇಳುತ್ತದೆ. ಅದನ್ನು ಹೊಗಳಿಕೆಯೆಂದು ಬಗೆದು ನಾವು ಸಂತೋಷಪಡುತ್ತೇವೆ. ಪ್ರಬೋಧನೆ ಮಾಡುವವರು ಅದನ್ನು ಎಚ್ಚರಿಕೆಯಾಗಿಯೂ ಓದಬಹುದು: ನಮ್ಮ ಮುಂದೆ ಬೆಂಚಿನ ಮೇಲೆ ಕುಳಿತವರ ಕಿವಿ ನಮ್ಮ ಕಿವಿಗಿಂತ ಪಳಗಿರಬಹುದು.

ಅನ್ಯರ ಮಹಾಕೃತಿಗಳ ಬಗ್ಗೆ ಧರ್ಮಸಭೆಗೆ ಅಂಜಿಕೆ ಇರಲಿಲ್ಲವೆಂದಲ್ಲ. ಸಂತ ಜೆರೋಮನು ಕನಸಿನಲ್ಲಿ ನ್ಯಾಯಾಸನದ ಮುಂದೆ ನಿಂತಾಗ, ಅವನು ಕ್ರಿಸ್ತನವನಲ್ಲ, ಸಿಸೆರೋವಿನವನೆಂಬ ಆರೋಪ ಬಂದಿತು. ವರ್ಜಿಲನ ದಿದೋಗಾಗಿ ಬಾಲ್ಯದಲ್ಲಿ ಅತ್ತು, ತನ್ನ ಆತ್ಮಕ್ಕಾಗಿ ಅಳಲಿಲ್ಲವೆಂದು ಅಗಸ್ಟೀನನೇ ಮುಂದೆ ಪಶ್ಚಾತ್ತಾಪಪಟ್ಟನು. ಸಂತ ಬಾಸಿಲನು ಜೇನ್ನೊಣದ ಉಪಮೆಯಿಂದ ತರುಣರಿಗೆ ಹೇಳಿದ್ದು ಮಧ್ಯಮ ಮಾರ್ಗ: ಎಲ್ಲ ಹೂವಿನ ಮೇಲೂ ಕೂರಬೇಡಿ, ಕೂತ ಹೂವಿನಿಂದಲೂ ಎಲ್ಲವನ್ನೂ ಹೊರಬೇಡಿ. ಇಸ್ರಯೇಲರು ಈಜಿಪ್ಟಿನಿಂದ ತಂದ ಚಿನ್ನದ ಉಪಮೆ ಅಗಸ್ಟೀನನದು. ನಮ್ಮ ತರಗತಿಗಳಲ್ಲಿ ಅದೇ ಹೆಚ್ಚು ಪ್ರಸಿದ್ಧ. ಕರ್ನಾಟಕದಲ್ಲಿ ಈ ಪ್ರಶ್ನೆಯನ್ನು ಕಾರ್ಯದಲ್ಲಿ ಎದುರಿಸಿದವರು ಬಾಸೆಲ್ ಮಿಷನ್ನಿನವರು. ಹರ್ಮನ್ ಮೋಗ್ಲಿಂಗ್ 1848 ಮತ್ತು 1853ರ ನಡುವೆ, ಕಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶನ ಧನಸಹಾಯದಿಂದ ಆರಂಭಿಸಿ, ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಮಾಲೆಯನ್ನು ಪ್ರಕಟಿಸಿದನು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಅದರಲ್ಲಿ ಅಚ್ಚಾದವು. ಆ ಉದ್ಯಮದ ಹಿಂದೆ ಪ್ರೀತಿಯೂ ಇತ್ತು, ಮತಪ್ರಸಾರದ ಲೆಕ್ಕವೂ ಇತ್ತು. ಎರಡನ್ನೂ ಒಟ್ಟಿಗೆ ಹೇಳದೆ ಒಂದನ್ನೇ ಹೇಳುವವರನ್ನು ನಾನು ನಂಬುವುದಿಲ್ಲ.

ಗುರು ಅಭ್ಯರ್ಥಿಗಳ ರೂಪಣೆಯಲ್ಲಿ ಸಾಹಿತ್ಯಕ್ಕೆ ಸ್ಥಾನವಿಲ್ಲದಂತಾಗಿರುವುದನ್ನು ಜಗದ್ಗುರು ಫ್ರಾನ್ಸಿಸರು 2024ರ ಜುಲೈ 17ರ ಪತ್ರದಲ್ಲಿ ಕೊರತೆಯೆಂದೇ ಗುರುತಿಸಿದರು. ತಾವು ತರುಣ ಅಧ್ಯಾಪಕರಾಗಿ ಸಾಂತಾ ಫೇಯಲ್ಲಿ ಸಾಹಿತ್ಯ ಕಲಿಸುತ್ತಿದ್ದಾಗ ಹುಡುಗರಿಗೆ ಪಠ್ಯದಲ್ಲಿದ್ದ ಹಳೆಯ ಕಾವ್ಯ ರುಚಿಸದೆ ಲೋರ್ಕಾ ಬೇಕೆಂದು ಹಟ ಹಿಡಿದ ಪ್ರಸಂಗವನ್ನೂ ಅಲ್ಲಿ ನೆನೆಯುತ್ತಾರೆ. ಪತ್ರ ಅಮೂಲ್ಯವಾದದ್ದು. ಆದರೆ ಅದರಲ್ಲಿ ಮುಖ್ಯವಾಗಿ ಕಾಣುವವನು ಒಬ್ಬಂಟಿ ಓದುಗ. ನಮ್ಮ ನಾಡಿನ ಅನುಭವ ಅದಕ್ಕೆ ಸೇರಿಸಬಹುದಾದದ್ದು ಕೂಟದ ಓದು.

ಕೆಲವು ವರ್ಷಗಳ ಹಿಂದೆ ಎರಡನೆಯ ವರ್ಷದ ದೈವಶಾಸ್ತ್ರದ ವಿದ್ಯಾರ್ಥಿಗಳೊಡನೆ ವಾರಕ್ಕೊಂದು ಸಂಜೆ ಯೋಬನ ಗ್ರಂಥವನ್ನು ಓದಲು ತೊಡಗಿದೆ. ಜೊತೆಗೆ ರಾಘವಾಂಕನ 'ಹರಿಶ್ಚಂದ್ರ ಕಾವ್ಯ'. ಎರಡರಲ್ಲೂ ಆರಂಭ ದೇವಸಭೆಯಲ್ಲಿ. ಅಲ್ಲಿ ಸೈತಾನನು ಯೋಬನ ಭಕ್ತಿಯನ್ನು ಶಂಕಿಸುತ್ತಾನೆ. ಇಲ್ಲಿ ಇಂದ್ರನ ಮುಂದೆ ವಸಿಷ್ಠನು ಹರಿಶ್ಚಂದ್ರನ ಸತ್ಯವನ್ನು ಹೊಗಳಿದರೆ ವಿಶ್ವಾಮಿತ್ರನು ಅಲ್ಲಗಳೆಯುತ್ತಾನೆ. ಭೂಮಿಯ ಮೇಲಿರುವವನಿಗೆ ಆ ವಾದದ ಸುಳಿವಿಲ್ಲ. ಅವನು ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ನೀತಿವಂತನ ನೋವಿನ ಕುರಿತು ಒಂದು ಸೊಗಸಾದ ತೌಲನಿಕ ಪಾಠ ನನ್ನ ಟಿಪ್ಪಣಿಯಲ್ಲಿ ಸಿದ್ಧವಾಗಿತ್ತು. ಹರಿಶ್ಚಂದ್ರನ ಸತ್ಯಸಂಧತೆಯ ಸಾಲುಗಳನ್ನು ನಾನು ತಪಸ್ಸುಕಾಲದ ಪ್ರಬೋಧನೆಗಳಲ್ಲಿ ವರ್ಷಗಟ್ಟಲೆ ಉದ್ಧರಿಸಿಯೂ ಇದ್ದೆ.

ನಾಲ್ಕನೆಯ ವಾರ ಅನಾಮಿಕ ಕನ್ಯೆಯರ ಭಾಗ ಬಂತು. ವಿಶ್ವಾಮಿತ್ರನು ಸೃಷ್ಟಿಸಿ ಕಳುಹಿಸಿದ ಆ ಹುಡುಗಿಯರು ಹಾಡಿ ರಾಜನನ್ನು ಮೆಚ್ಚಿಸುತ್ತಾರೆ. ಆಭರಣ ಬೇಡ, ಬೆಳ್ಗೊಡೆ ಕೊಡು ಎನ್ನುತ್ತಾರೆ. ಅವನು ಕೊಡದಾಗ, ಹಾಗಾದರೆ ನಮ್ಮನ್ನು ವರಿಸು ಎನ್ನುತ್ತಾರೆ. ಕುಲದ ಹೆಸರೆತ್ತಿ ರಾಜನು ಸಿಡಿಯುತ್ತಾನೆ. ಆಗ ಅವರು ಕೇಳುವ ಪ್ರಶ್ನೆ ಕನ್ನಡದ ಮಹಾ ಪ್ರಶ್ನೆಗಳಲ್ಲೊಂದು: ನಮ್ಮ ಹಾಡು ಕೇಳಿ ನಿನ್ನ ಕಿವಿ ಮೈಲಿಗೆಯಾಗಲಿಲ್ಲ, ನಮ್ಮನ್ನು ನೋಡಿ ಕಣ್ಣು ಕೆಡಲಿಲ್ಲ, ನಮ್ಮೊಡನೆ ಮಾತಾಡಿ ಬಾಯಿ ಕೆಡಲಿಲ್ಲ, ಐದು ಇಂದ್ರಿಯಗಳಲ್ಲಿ ಮುಟ್ಟುವುದೊಂದಕ್ಕೆ ಮಾತ್ರ ಯಾವ ಹೆಚ್ಚಳ? ಅಂದು ವಾಚನದ ಸರದಿ ಹೊಸಕೋಟೆಯ ಕಡೆಯ ಒಬ್ಬ ವಿದ್ಯಾರ್ಥಿಯದು. ಆ ಪದ್ಯವನ್ನು ಓದಿ, ಮತ್ತೊಮ್ಮೆ ಓದಿ, ಪುಸ್ತಕ ಮುಚ್ಚಿದನು. ವ್ಯಾಖ್ಯಾನದ ಸರದಿ ನನ್ನದು. ನಾನು ಬಾಯಿ ತೆರೆಯುವ ಮುಂಚೆ ಅವನೇ ಹೇಳಿದನು: "ಗುರುಗಳೇ, ನಮ್ಮೂರಲ್ಲಿ ನಮ್ಮ ಅಜ್ಜಿಗೆ ಇವತ್ತೂ ಲೋಟ ಬೇರೆ."

ಯೋಬನಿಗೆ ನಾನು ಮಾಡಿಟ್ಟಿದ್ದ ಪಾಠ ಅಲ್ಲಿಗೆ ನಿಂತಿತು. ಉಳಿದ ಸಮಯವೆಲ್ಲ ಆ ಪದ್ಯದ ಮೇಲೆಯೇ ಕಳೆಯಿತು. ಒಬ್ಬನು, ಕವಿ ಹುಡುಗಿಯರ ಕಡೆಗಿದ್ದಾನೆಯೇ ರಾಜನ ಕಡೆಗಿದ್ದಾನೆಯೇ ಎಂದು ಕೇಳಿದನು. ಇನ್ನೊಬ್ಬನು, ಅದೇ ರಾಜ ಮುಂದೆ ಕಾಶಿಯಲ್ಲಿ ಸುಡುಗಾಡಿನ ಒಡೆಯ ವೀರಬಾಹುಕನಿಗೆ ತನ್ನನ್ನು ಮಾರಿಕೊಂಡು ಅಸ್ಪೃಶ್ಯನ ಸೇವಕನಾಗುವುದನ್ನು ಎತ್ತಿ ತೋರಿಸಿದನು. ಮೂರನೆಯವನು ಸಂತ ಮಾರ್ಕನ ಮೊದಲನೆಯ ಅಧ್ಯಾಯ ತೆರೆದನು: ಕುಷ್ಠರೋಗಿಯನ್ನು ಯೇಸು ಮಾತಿನಿಂದಲೇ ಗುಣಪಡಿಸಬಹುದಿತ್ತು, ಆದರೂ ಕೈಚಾಚಿ ಮುಟ್ಟಿದರು. ಆಮೇಲೆ ಬಂದ ಮಾತು ನಮ್ಮ ಕಡೆಗೇ ತಿರುಗಿತು: ನಮ್ಮ ಚರ್ಚುಗಳಲ್ಲಿ, ನಮ್ಮ ಸ್ಮಶಾನಗಳಲ್ಲಿ ಸಾಲು ಬೇರೆ ಇಲ್ಲವೇ? ಅದಕ್ಕೆ ಉತ್ತರ ಹೇಳಬೇಕಾದವರು ಹುಡುಗರಲ್ಲ.

ಸೂಕ್ತಿಯನ್ನು ಹಂಚುವುದಕ್ಕೂ ಗ್ರಂಥವನ್ನು ಹಂಚಿಕೊಳ್ಳುವುದಕ್ಕೂ ಇರುವ ಅಂತರ ನನಗೆ ತಿಳಿದದ್ದು ಆ ಸಂಜೆ. ಉದ್ಧರಣೆಗಾಗಿ ಓದಿದ ವರ್ಷಗಳಲ್ಲಿ ಆ ಪದ್ಯ ನನ್ನ ಕಣ್ಣಿಗೆ ಬಿದ್ದೇ ಇತ್ತು. ಪ್ರಬೋಧನೆಗೆ ಒದಗದ ಕಾರಣ ದಾಟಿ ಹೋಗಿದ್ದೆ. ಮಹಾಕೃತಿಯಲ್ಲಿ ನಮಗೆ ಬೇಡವಾದ ಪುಟಗಳಿರುತ್ತವೆ. ಬೇರೆಯವರ ಸರದಿ ಬಂದಾಗಲೇ ಆ ಪುಟಗಳು ತೆರೆಯುತ್ತವೆ. ಈಜಿಪ್ಟಿನ ಚಿನ್ನದ ಉಪಮೆಯಲ್ಲಿ ನನಗಿರುವ ಅಸಮಾಧಾನವೂ ಇದೇ. ಚಿನ್ನವನ್ನು ತಂದವನು ಅದನ್ನು ಕರಗಿಸಿ ತನಗೆ ಬೇಕಾದುದನ್ನು ಎರಕ ಹೊಯ್ಯುತ್ತಾನೆ. ಓದಿದ ಗ್ರಂಥವಾದರೋ ಓದಿದವನನ್ನು ಪ್ರಶ್ನಿಸಬೇಕು.

ಇಂತಹ ಕೂಟವನ್ನು ಆರಂಭಿಸಬೇಕೆಂದಿರುವ ಸಹೋದರ ಗುರುಗಳು ಕೇಳುವ ಪ್ರಶ್ನೆಗಳು ಹೆಚ್ಚಾಗಿ ವ್ಯವಸ್ಥೆಯವು. ಹತ್ತು ಹನ್ನೆರಡು ಜನ ಸಾಕು. ಒಂದೂವರೆ ಗಂಟೆ. ಓದುವವರು ಪ್ರತಿ ವಾರ ಬದಲಾಗಬೇಕು, ಕನ್ನಡ ತಡವರಿಸುವವರೂ ಓದಬೇಕು. ಇಂಗ್ಲಿಷ್ ಮಾಧ್ಯಮದಿಂದ ಬಂದವರು ಮೊದಲ ತಿಂಗಳು ನಡುಗನ್ನಡಕ್ಕೆ ಹೆದರುತ್ತಾರೆ, ಆಮೇಲೆ ಷಟ್ಪದಿಯ ಲಯವೇ ಅವರನ್ನು ಹೊತ್ತುಕೊಂಡು ಹೋಗುತ್ತದೆ. ಹಳಗನ್ನಡದಿಂದ ಆರಂಭಿಸಬೇಡಿ. ಟಿಪ್ಪಣಿ ಬರೆದುಕೊಳ್ಳುವುದನ್ನು ನಾನು ಬಿಡಿಸಿದ್ದೇನೆ, ಅಂಕಗಳನ್ನೂ ಕೊಡುವುದಿಲ್ಲ. ಇದರಿಂದ ಪಠ್ಯಕ್ರಮದಲ್ಲಿ ಸ್ಥಾನ ಸಿಕ್ಕಿಲ್ಲವೆಂಬುದು ನಿಜ. ಊರಿನಲ್ಲಿ ಗಮಕ ಬಲ್ಲವರು ಇದ್ದರೆ ಅವರನ್ನು ವರ್ಷಕ್ಕೊಮ್ಮೆಯಾದರೂ ಕರೆಸಿ, ಮುಂದಿನ ಸಾಲಿನಲ್ಲಿ ಕುಳಿತು ಕೇಳಿ; ಸ್ವಾಗತ ಭಾಷಣ ಬೇಡ. ಯೋಬನ ಗ್ರಂಥದ ನಲವತ್ತೆರಡು ಅಧ್ಯಾಯಗಳಿಗೆ ನಮಗೆ ಬಹುಪಾಲು ಒಂದು ವರ್ಷ ಹಿಡಿಯಿತು. ಈ ಜೂನ್‌ನಿಂದ ಯೆಶಾಯನನ್ನು ಓದುತ್ತಿದ್ದೇವೆ. ಕಂಚುಕಿ ಓದುತ್ತಿದ್ದ ಭಾಗಕ್ಕೆ ಇನ್ನೂ ಬಂದಿಲ್ಲ.